ಅಕ್ಷರಕ್ಕೆ ಇಷ್ಟು

ನನ್ನ ತಮ್ಮನ ಮಗಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪಾಕೀಟು ಮಾಡಿ ಮಾರುವ ಉದ್ಯೋಗ ಹಿಡಿದಿದ್ದಾಳೆ. ದೀಪಾವಳಿಗೆ ಬಂದಾಗ ಮೊಬೈಲಿನಲ್ಲಿ ಒಂದರ ಹಿಂದೊಂದು ಲೋಗೋ ತೋರಿಸಿದಳು. ಎಲ್ಲದರಲ್ಲೂ ಒಂದು ದುಂಡು, ಒಳಗೊಂದು ಜೋಳದ ತೆನೆ, ಸುತ್ತ ಇಂಗ್ಲಿಷ್ ಅಕ್ಷರ. ಯಾವುದೋ ಆ್ಯಪಿನಲ್ಲಿ ಪುಕ್ಕಟೆ ಸಿಗುತ್ತದಂತೆ. ‘ದೊಡ್ಡಪ್ಪಾ, ನಿಮ್ಮ ಕಾಲಕ್ಕ ಕಲಘಟಗಿಯೊಳಗ ಇದನ್ನೆಲ್ಲಾ ಯಾರ್ ಮಾಡ್ತಿದ್ರು?’ ಎಂದು ಕೇಳಿದಳು. ಯಾರೂ ಮಾಡುತ್ತಿರಲಿಲ್ಲ ಎಂಬ ಉತ್ತರ ಆಕೆಯ ಮುಖದಲ್ಲೇ ಸಿದ್ಧವಾಗಿತ್ತು.

ಮಾಡುತ್ತಿದ್ದರು. ನಾವು ಪೇಂಟರ್ ಕಾಕಾ ಅನ್ನುತ್ತಿದ್ದೆವು. ಹುಟ್ಟಿನಿಂದ ಚಿತ್ರಗಾರರು, ಮನೆತನದ ಕೆಲಸ ತೊಟ್ಟಿಲಿಗೆ ಬಣ್ಣ ಹಾಕುವುದು. ಕಲಘಟಗಿ ತೊಟ್ಟಿಲಿನ ಬಗ್ಗೆ ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಹೆಣ್ಣುಮಗಳ ಮೊದಲ ಬಾಣಂತನಕ್ಕೆ ತವರಿನವರು ಕೊಡುವ ತೊಟ್ಟಿಲು ಕಲಘಟಗಿಯದಾದರೆ ಅದರ ಮಾತೇ ಬೇರೆ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಪಟ್ಟಿಯ ತುಂಬ ರಾಮಾಯಣವೋ ಕೃಷ್ಣನ ಬಾಲಲೀಲೆಯೋ. ಈ ತೊಟ್ಟಿಲಿಗೆ ಬೋರ್ಡೂ ಇರಲಿಲ್ಲ, ಜಾಹೀರಾತೂ ಇರಲಿಲ್ಲ. ಊರ ಹೆಸರೇ ಅದರ ಗುರುತು. ಆದರೆ ತೊಟ್ಟಿಲಿಗೆ ಹಂಗಾಮು ಇರುತ್ತದೆ. ಹೊಟ್ಟೆಗೆ ಹಂಗಾಮು ಇಲ್ಲ. ಉಳಿದ ತಿಂಗಳುಗಳಲ್ಲಿ ಕಾಕಾ ಅಂಗಡಿ ಬೋರ್ಡು ಬರೆಯುತ್ತಿದ್ದರು.

ಅವರ ಪಡಸಾಲೆಯಲ್ಲಿ ಎರಡು ವಾಸನೆ ಇದ್ದವು. ಒಂದು ಕಡೆ ಲೇತಿಗೆ ಹಾಕಿದ ತೊಟ್ಟಿಲ ಕಾಲು ಗಿರಗಿರ ತಿರುಗುವಾಗ ಒತ್ತಿ ಹಿಡಿದ ಅರಗು ತಿಕ್ಕಾಟದ ಕಾವಿಗೇ ಕರಗುವ ವಾಸನೆ, ಬೆಲ್ಲ ಸೀದ ಹಾಗೆ. ಇನ್ನೊಂದು ಕಡೆ ಅಗಸಿ ಎಣ್ಣೆ, ಟರ್ಪೆಂಟೈನ್, ಆಗತಾನೆ ಮುಚ್ಚಳ ಎಬ್ಬಿಸಿದ ಇನಾಮಲ್ ಡಬ್ಬಿ. ಸಾಲಿ ಸೂಟಿಯಲ್ಲಿ ನಾನು ಅಲ್ಲೇ ಬಿದ್ದಿರುತ್ತಿದ್ದೆ. ಕುಂಚ ತೊಳೆಯುವುದು, ದಾರದ ಒಂದು ತುದಿ ಹಿಡಿಯುವುದು ನನ್ನ ಕೆಲಸ. ಇಂದಿಗೂ ಎಲ್ಲಾದರೂ ಟರ್ಪೆಂಟೈನ್ ಮೂಗಿಗೆ ಬಡಿದರೆ ನನಗೆ ಬೇಸಿಗೆ ರಜೆ ನೆನಪಾಗುತ್ತದೆ.

ತಗಡನ್ನು ಕಟ್ಟಿಗೆಯ ಚೌಕಟ್ಟಿಗೆ ಬಡಿದು, ಮೊದಲು ಜಂಗು ಹಿಡಿಯದಂತೆ ರೆಡ್ ಆಕ್ಸೈಡ್, ಒಣಗಿದ ಮೇಲೆ ಸ್ಯಾಂಡ್ ಪೇಪರಿನಿಂದ ತಿಕ್ಕಿ ನೆಲದ ಬಣ್ಣ ಎರಡು ಕೈ. ಆಮೇಲೆ ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಈ ತುದಿಗೆ ನಾನು, ಆ ತುದಿಗೆ ಅವರು ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ ಎಂದು ನೆಟ್ಟನೆಯ ಗೆರೆ. ಸುಣ್ಣದ ಕಡ್ಡಿಯಲ್ಲಿ ಅಕ್ಷರದ ಆಕಾರ ಹಾಕಿ, ಎಡಗೈಯಲ್ಲಿ ತುದಿಗೆ ಅರಿವೆ ಸುತ್ತಿದ ಕೋಲು ಹಿಡಿದು, ಅದರ ಮೇಲೆ ಬಲಗೈ ಊರಿ ಬರೆಯಲು ಕೂಡುತ್ತಿದ್ದರು. ದುಂಡೆಲ್ಲ ಮೊದಲು ಮುಗಿಸಿ, ತಲೆಕಟ್ಟುಗಳನ್ನು ಕೊನೆಗೆ ಚಪ್ಪಟೆ ಕುಂಚದಿಂದ ಸಾಲಾಗಿ ಎಳೆಯುವರು. ಆಗ ಮಾತ್ರ ಉಸಿರು ಹಿಡಿಯುತ್ತಿದ್ದರು.

ರೇಟು ಅಕ್ಷರಕ್ಕೆ ಇಷ್ಟು. ಎಲ್ಲ ಗಮ್ಮತ್ತು ಇದರಲ್ಲೇ ಇತ್ತು. ಒಂದು ಚೌಕಾಶಿ ನನಗೆ ಬಾಯಿಪಾಠವಾಗಿದೆ. ಕಿರಾಣಿ ಸಾವ್ಕಾರರೊಬ್ಬರು ಚೀಟಿ ತಂದಿದ್ದರು: ದೇವರ ಹೆಸರು, ಅಜ್ಜನ ಹೆಸರು, ಅಡ್ಡಹೆಸರು, ಆಮೇಲೆ ‘ಕಿರಾಣಿ ಸ್ಟೋರ್ಸ್’. ಕಾಕಾ ಎಣಿಸಿ ರೊಕ್ಕ ಹೇಳಿದರು.

‘ಸ್ಟೋರ್ಸ್ ಅಂದ್ರ ಎರಡಕ್ಷರ, ಐದು ಯಾಕ ಹಿಡಿದೀರಿ?’

‘ಬಾಯಾಗ ಎರಡರೀ ಸಾವ್ಕಾರ್ರ, ಕೈಯಾಗ ಐದು. ಸಕಾರ, ಅದರ ಬುಡಕ್ಕ ಟಕಾರ ಒತ್ತು, ಓತ್ವದ ದೀರ್ಘ, ಮತ್ತೊಂದು ಸಕಾರ, ಅದಕ್ಕೊಂದು ಅರ್ಕಾವತ್ತು.’

‘ಒತ್ತು ಸಣ್ಣೂದು. ಅರ್ಧ ರೇಟು ಹಿಡೀರಿ.’

‘ಸಣ್ಣೂದು ಬರಿಯೂದ ತ್ರಾಸರೀ. ದೊಡ್ಡ ಅಕ್ಷರ ಯಾವ ಹುಡುಗನೂ ಬರೀತಾನ. “ಅಂಗಡಿ” ಅಂತ ಬರಸ್ರಿ. ಮೂರ ಅಕ್ಷರ, ಒತ್ತಿಲ್ಲ. ಸೊನ್ನಿಗೆ ನಾ ರೊಕ್ಕ ತಗೊಳ್ಳಂಗಿಲ್ಲ.’

‘ಸ್ಟೋರ್ಸ್ ಅಂದ್ರ ವಜನ ಬರತದ.’

‘ವಜನ ತಕ್ಕಡಿಯೊಳಗ ಸರಿ ಇಟ್ಟರ ಸಾಕು.’

ಚಹಾ ಬಂತು, ಎರಡನೆಯ ಸಲವೂ ಬಂತು. ಸಾವ್ಕಾರರು ಎದ್ದು ಹೋಗುವಷ್ಟರಲ್ಲಿ ‘ಸ್ಟೋರ್ಸ್’ ಹೋಗಿ ‘ಅಂಗಡಿ’ ಆಗಿತ್ತು, ಅಡ್ಡಹೆಸರು ಬಿದ್ದಿತ್ತು, ಅಜ್ಜನ ಹೆಸರೂ ಬಿದ್ದಿತ್ತು. ಉಳಿದದ್ದು ದೇವರ ಹೆಸರು ಮತ್ತು ವ್ಯಾಪಾರದ ಹೆಸರು. ಗಿರಾಕಿಗೆ ಬೇಕಾದದ್ದೂ ಅಷ್ಟೇ. ಸಾವ್ಕಾರರು ರೊಕ್ಕ ಉಳಿಸಿದೆ ಎಂದುಕೊಂಡರು. ಕಾಕಾ ಅವರಿಂದ ಒಳ್ಳೆಯ ಬೋರ್ಡು ಮಾಡಿಸಿದ್ದರು.

ತಮ್ಮ ಆದಾಯ ಕಡಿಮೆ ಮಾಡಿಕೊಂಡು ಹೀಗೆ ಯಾಕೆ ಹೇಳುತ್ತಿದ್ದರೋ. ಬಹುಶಃ ಕಿಕ್ಕಿರಿದ ತಗಡಿನ ಕೆಳಗೆ ತಮ್ಮ ಸಹಿ ಹಾಕಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. ಪ್ರತಿ ಬೋರ್ಡಿನ ಬಲಗಡೆ ಕೆಳಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣಗೆ ಅವರ ಹೆಸರು ಇರುತ್ತಿತ್ತು.

ಸಲಹೆಗೆ ಬೇರೆ ರೊಕ್ಕವಿಲ್ಲ. ನಮ್ಮೂರು ಹುಬ್ಬಳ್ಳಿ–ಕಾರವಾರ ರಸ್ತೆಯ ಮೇಲಿದೆ. ಯಲ್ಲಾಪುರದ ಬಸ್ಸಿನ ಕಿಟಕಿಯಲ್ಲಿ ಕೂತವನು ಓದಿ ಮುಗಿಸುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ ಎನ್ನುವುದು ಅವರ ಮೊದಲ ಪಾಠ. ಅರ್ಧ ಬರೆದ ಬೋರ್ಡನ್ನು ಗೋಡೆಗೆ ಆನಿಸಿ, ಮಾಲೀಕರನ್ನು ಕೈಹಿಡಿದು ರಸ್ತೆಯ ಆಚೆ ಬದಿಗೆ ಕರೆದೊಯ್ದು, ‘ಕಣ್ಣ ಅರ್ಧಾ ಮುಚ್ಚಿ ನೋಡ್ರಿ’ ಅನ್ನುವರು. ಹಾಗೆ ನೋಡಿದಾಗ ಅಕ್ಷರ ನೆಲದ ಬಣ್ಣದಲ್ಲಿ ಕರಗಿದರೆ ಬಣ್ಣ ಬದಲು. ಹಸಿರಿನ ಮೇಲೆ ಕೆಂಪು ಎಂದೂ ಬರೆಯಲಿಲ್ಲ. ಹಳದಿಯ ಮೇಲೆ ಕರಿ, ನೀಲಿಯ ಮೇಲೆ ಬಿಳಿ. ಬಿಸಿಲಿಗೆ ಮೊದಲು ಸಾಯುವುದು ಕೆಂಪು. ಅದಕ್ಕೇ ಅಂಗಡಿಯ ಹೆಸರನ್ನು ಕೆಂಪಿನಲ್ಲಿ ಬರೆಯಬೇಡಿ, ನೆರಳಿಗೆ ಬೇಕಾದರೆ ಬಳಸಿ. ಪಕ್ಕದ ಅಂಗಡಿ ನೀಲಿಯಾಗಿದ್ದರೆ ನಿಮಗೆ ನೀಲಿ ಬೇಡ. ಅರಿವೆ ಅಂಗಡಿಗೆ ದಪ್ಪನೆಯ ದುಂಡು ಅಕ್ಷರ, ಸೈಕಲ್ ಶಾಪಿಗೆ ಓಡುವಂತೆ ಮುಂದೆ ಬಾಗಿದ ಅಕ್ಷರ, ಡಾಕ್ಟರಿಗೆ ತೆಳ್ಳಗೆ ನೆಟ್ಟಗೆ. ಓದಲು ಬಾರದವರೂ ಗಿರಾಕಿಗಳೇ ಆದ್ದರಿಂದ ಚಷ್ಮಾ ಅಂಗಡಿಗೆ ಎರಡು ಕಣ್ಣು, ಟೇಲರಿಗೆ ಕತ್ತರಿ ಕಡ್ಡಾಯ. ಬಣ್ಣದಂಗಡಿಗೆ ಏಷಿಯನ್ ಪೇಂಟ್ಸಿನ ಗಟ್ಟು. ಕೈಯಲ್ಲಿ ಕುಂಚ ಹಿಡಿದ ಆ ತುಂಟ ಹುಡುಗ 1954ರಲ್ಲಿ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರ ಕೈಯಿಂದ ಹುಟ್ಟಿದವನು. ಕಾಕಾ ಬರೆದ ಗಟ್ಟು ತುಸು ಬಾಲಕೃಷ್ಣನ ಹಾಗೇ ಕಾಣುತ್ತಿದ್ದ. ತೊಟ್ಟಿಲ ಕೈ ಎಲ್ಲಿಗೆ ಹೋದೀತು!

ಎಲ್ಲ ಚಂದವಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಮುಂಗಡ ಇಸಕೊಂಡು ತೊಟ್ಟಿಲ ಹಂಗಾಮು ಬಂತೆಂದರೆ ಕಾಕಾ ಕೈಗೆ ಸಿಗುತ್ತಿರಲಿಲ್ಲ. ಬೋರ್ಡು ಇಲ್ಲದೆಯೇ ಉದ್ಘಾಟನೆಯಾದ ಅಂಗಡಿಗಳಿವೆ. ನೆಲದ ಬಣ್ಣವೆಲ್ಲ ಅವರ ಮನೆಯ ಹೆಣ್ಣುಮಕ್ಕಳ ಕೈಕೆಲಸ, ಮೂಲೆಯ ಸಹಿಯಲ್ಲಿ ಅವರ ಹೆಸರಿಲ್ಲ. ಸಂತೆಯಲ್ಲಿ ನೆಲದ ಮೇಲೆ ಕಾಯಿಪಲ್ಯ ಹರಡಿ ಕೂತವರಿಗೆ ಬೋರ್ಡು ಎಂಬುದೇ ಇರಲಿಲ್ಲ. ಖಾನಾವಳಿಗಳ ಬೋರ್ಡಿನ ಮೇಲೆ ಜಾತಿಯ ಹೆಸರು ಇರುತ್ತಿತ್ತು, ಅದನ್ನೂ ಅಷ್ಟೇ ಅಂದವಾಗಿ ಅವರು ಬರೆದರು. ಮತ್ತೆ ಆ ಬಣ್ಣ. ಕುಂಚದ ತುದಿಯನ್ನು ತುಟಿಯಲ್ಲಿ ಒತ್ತಿ ಚೂಪು ಮಾಡುವುದು ಅವರ ರೂಢಿ. ಆ ಕಾಲದ ಇನಾಮಲ್ಲಿನಲ್ಲಿ ಸೀಸ ಇರುತ್ತಿತ್ತು; ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಕೂಡದು ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಕೊನೆಗಾಲದಲ್ಲಿ ಅವರ ಕೈ ನಡುಗುತ್ತಿತ್ತು. ವಯಸ್ಸಿನದೋ ಬಣ್ಣದ್ದೋ, ಕೇಳಿದವರಿಲ್ಲ.

ಬೋರ್ಡಿಗಿಂತ ದೊಡ್ಡ ಗಳಿಕೆ ಗೋಡೆಯಲ್ಲಿತ್ತು. ಕುಟುಂಬ ಯೋಜನೆಯ ಕೆಂಪು ತ್ರಿಕೋನ, ರಸಗೊಬ್ಬರ, ಬೀಡಿ, ಸಾಬೂನು, ಎಲ್ಲಕ್ಕಿಂತ ಮೇಲೆ ಚುನಾವಣೆ. 1990ರಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿ ಬಂದು ಗೋಡೆಬರಹಕ್ಕೆ ಮೂಗುದಾರ ಹಾಕಿದರು. ಊರ ಗೋಡೆಗಳು ಸ್ವಚ್ಛವಾದವು, ಅದು ಒಳ್ಳೆಯದೇ. ಕಾಕಾ ಮಾತ್ರ ಆ ಹೆಸರು ಎತ್ತಿದರೆ ಎಲಿಅಡಿಕಿ ಉಗುಳಲು ಎದ್ದು ಹೋಗುತ್ತಿದ್ದರು. ಬಳಿಕ ಮೊಬೈಲ್ ಕಂಪನಿಗಳು ಬಂದು ಇಡೀ ಗೋಡೆಗೆ ಒಂದೇ ಬಣ್ಣ ಬಳಿಸಿದವು. ಹುಬ್ಬಳ್ಳಿಯ ಗುತ್ತಿಗೆದಾರರ ಹುಡುಗರು ಕೊರೆದ ಹಾಳೆ ಇಟ್ಟು ಬಣ್ಣ ತಿಕ್ಕಿ ಹೋಗುತ್ತಿದ್ದರು.

ಆಮೇಲೆ ಫ್ಲೆಕ್ಸ್. ಬೆಳಿಗ್ಗೆ ಹೇಳಿದರೆ ಸಂಜೆ ಬಸ್ಸಿಗೆ ಸುರುಳಿ ಬರುತ್ತದೆ. ರೇಟು ಚದರಡಿಗೆ ಇಷ್ಟು. ನನ್ನ ಪ್ರಕಾರ ಎಲ್ಲ ಕೆಟ್ಟದ್ದು ಇಲ್ಲಿಂದ; ಕಂಪ್ಯೂಟರಿನಿಂದ ಅಲ್ಲ, ಈ ರೇಟಿನಿಂದ. ಅಕ್ಷರಕ್ಕೆ ರೊಕ್ಕ ಕೊಡುವವನಿಗೆ ಖಾಲಿ ಜಾಗ ಪುಕ್ಕಟೆ, ಮಾತು ತುಟ್ಟಿ. ಚದರಡಿಗೆ ಕೊಡುವವನಿಗೆ ಮಾತು ಪುಕ್ಕಟೆ, ಖಾಲಿ ಜಾಗ ಲುಕ್ಸಾನು. ಅದಕ್ಕೇ ಇಂದಿನ ಬೋರ್ಡಿನಲ್ಲಿ ದೇವರು, ಗುರುಗಳು, ಶಾಸಕರು, ಮಾಲೀಕ, ಮಾಲೀಕನ ಮಕ್ಕಳು, ಮೂರು ಫೋನ್ ನಂಬರು, ಸಂದಿಯಲ್ಲಿ ಎಲ್ಲೋ ಅಂಗಡಿ. ಕಂಪ್ಯೂಟರಿನವನ ಹತ್ತಿರ ಇರುವ ನಾಲ್ಕಾರು ಅಚ್ಚಿನ ಅಕ್ಷರಗಳನ್ನೇ ಅಗಲಕ್ಕೆ ಎಳೆದು ಜಗ್ಗಿ ತುಂಬುತ್ತಾನೆ. ಒತ್ತಕ್ಷರ ಕೆಳಸಾಲಿನ ತಲೆಕಟ್ಟಿಗೆ ಹೋಗಿ ಬಡಿಯುತ್ತದೆ. ಬೇಡ ಅನ್ನುವ ಬಾಯಿ ಅಂಗಡಿಯಲ್ಲೂ ಇಲ್ಲ, ಪ್ರೆಸ್ಸಿನಲ್ಲೂ ಇಲ್ಲ.

2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. ಆ ನಿಷೇಧದ ಗತಿ ಏನಾಯಿತೆಂದು ಯಾವ ಸರ್ಕಲ್ಲಿನಲ್ಲಿ ನಿಂತರೂ ತಿಳಿಯುತ್ತದೆ. ಹುಟ್ಟುಹಬ್ಬ ಮುಗಿದ ಫ್ಲೆಕ್ಸುಗಳು ಹೊಲದ ಬಣವಿಯ ಮೇಲೆ ಮಳೆ ತಡೆಯುತ್ತವೆ. ನಾಯಕರಿಂದ ರೈತರಿಗೆ ಆಗಿರುವ ನೇರ ಉಪಯೋಗಗಳಲ್ಲಿ ಇದೊಂದು. 2024ರಲ್ಲಿ ನಾಮಫಲಕದ ಶೇ 60ರಷ್ಟು ಕನ್ನಡ ಇರಲೇಬೇಕೆಂದು ಕಾನೂನು ತಿದ್ದಿದರು. ಬೇಕಾದ ಕಾನೂನೇ. ಆದರೆ ನಮ್ಮ ಕಿರಾಣಿ ಸಾವ್ಕಾರರಿಂದ ನೂರಕ್ಕೆ ನೂರು ಕನ್ನಡ ಬರೆಸಿದ್ದು ಅಕ್ಷರದ ರೇಟು.

ತೊಟ್ಟಿಲು ಬದುಕಿಕೊಂಡಿತು. ಅಂಬರೀಷ್ ಅವರು ನಟ ಯಶ್ ಅವರ ಮಗುವಿಗೆಂದು ಕಲಘಟಗಿ ತೊಟ್ಟಿಲು ಮಾಡಲು ಹೇಳಿದ್ದು ಟಿ.ವಿ.ಯಲ್ಲೆಲ್ಲ ಬಂದ ಮೇಲೆ ದೂರದೂರಿನವರೂ ಕೇಳಿಕೊಂಡು ಬರುತ್ತಾರೆ. ಬರೆಯುವ ಕೈಗಳೇ ಕಡಿಮೆ. ಬೋರ್ಡಿಗೆ ಅಂಥ ಯಾವ ದೊಡ್ಡಮನುಷ್ಯರೂ ಸಿಗಲಿಲ್ಲ. ಕಾಕಾನ ಮಗ ಒಂದಷ್ಟು ದಿನ ಲಾರಿಯ ನಂಬರ್ ಪ್ಲೇಟು ಬರೆದ, ಅದೂ ನಿಂತಿತು.

ಇದನ್ನೆಲ್ಲ ಕೇಳಿ ತಮ್ಮನ ಮಗಳು, ‘ಖರೆ ದೊಡ್ಡಪ್ಪಾ, ಆದ್ರ ನನ್ನ ಗಿರಾಕಿ ರಸ್ತೆದಾಗ ಇಲ್ಲ, ಫೋನಿನ್ಯಾಗ ಅದಾರ’ ಅಂದಳು. ಮಾತು ನಿಜ. ಹತ್ತು ಪೈಸೆ ಖರ್ಚಿಲ್ಲದೆ ಹೆಣ್ಣುಮಗಳೊಬ್ಬಳು ಗುರುತು ಮಾಡಿಕೊಳ್ಳುವುದು ಕಾಕಾನ ಕಾಲದಲ್ಲಿ ಆಗದ ಮಾತು. ಆದರೂ ಫೋನಿನಲ್ಲಿ ಆಕೆಯ ಲೋಗೋ ಉಗುರಿನಷ್ಟೇ ಕಾಣುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡು ಅಂದೆ. ತೆನೆಯೂ ಇಲ್ಲ, ಅಕ್ಷರವೂ ಇಲ್ಲ, ಒಂದು ಹಸಿರು ಗುಳಿಗೆ. ಪಾಕೀಟಿನ ಮೇಲೆ 14 ಅಂಕಿಯ ಪರವಾನಗಿ ನಂಬರು, ಸಸ್ಯಾಹಾರದ ಹಸಿರು ಚುಕ್ಕಿ, ತೂಕ, ತಾರೀಕು ಇವಕ್ಕೆಲ್ಲ ಜಾಗ ಬಿಡಲೇಬೇಕು. ಉಳಿದದ್ದರಲ್ಲಿ ‘ಖಡಕ್ ರೊಟ್ಟಿ’ ಎಂಬುದಕ್ಕಿಂತ ದೊಡ್ಡದು ಏನೂ ಇರಬಾರದು. ಯೋಚನೆ ಮಾಡುತ್ತೇನೆ ಅಂದಿದ್ದಾಳೆ.

ಹೋದ ವರ್ಷ ಪೇಟೆಯಲ್ಲಿ ಒಂದು ಹಳೆಯ ಅಂಗಡಿ ಕೆಡವಿದರು. ಮುಂದೆ ಲೈಟಿನ ಅಕ್ಷರದ ಶೀಟು, ಅದರ ಹಿಂದೆ ಫ್ಲೆಕ್ಸ್, ಅದರ ಹಿಂದೆ ಇನ್ನೊಂದು ಫ್ಲೆಕ್ಸ್, ಎಲ್ಲದರ ಹಿಂದೆ ತಗಡು. ಕೆಂಪು ನೆರಳು ಪೂರಾ ಹಾರಿಹೋಗಿತ್ತು, ಕರಿ ಅಕ್ಷರ ರಸ್ತೆಯ ಆಚೆಯಿಂದ ಓದಲು ಬರುತ್ತಿತ್ತು. ನಾನು ಮನೆಗೆ ಹೋಗಿ ಚೀಲ ತರುವಷ್ಟರಲ್ಲಿ ಗುಜರಿಯವನು ಅದನ್ನು ಮಡಚಿ ಗಾಡಿಗೆ ಹಾಕಿದ್ದ.

ದೆಹಲಿಯಲ್ಲಿ ಹನೀಫ್ ಕುರೇಶಿ ಎಂಬ ಕಲಾವಿದರು ಬೀದಿ ಪೇಂಟರುಗಳ ಕೈಬರಹ ಸಂಗ್ರಹಿಸಿ ಕಂಪ್ಯೂಟರಿನ ಅಕ್ಷರಗಳಾಗಿ ಮಾಡುವ ಕೆಲಸ ಹಿಡಿದಿದ್ದರು, 2024ರಲ್ಲಿ ತೀರಿಕೊಂಡರು. ನಮ್ಮ ಕಡೆಯ ಕೈಗಳಿಗೂ ಅದು ಆಗಬಹುದು, ಆದರೆ ಮೊದಲು ಅಕ್ಷರ ಸಿಗಬೇಕಲ್ಲ. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿಯ ವ್ಯಾಪಾರಸ್ಥರಲ್ಲಿ ಕೇಳಿಕೊಳ್ಳುತ್ತೇನೆ: ಅಟ್ಟದ ಮೇಲೆ ಅಜ್ಜನ ಕಾಲದ ಬೋರ್ಡು ಇದ್ದರೆ ಕೆಳಗಿಳಿಸಿ, ಒದ್ದೆ ಅರಿವೆಯಿಂದ ಒರೆಸಿ, ಬಲಮೂಲೆಯ ಸಹಿ ಕಾಣುವಂತೆ ನೆಟ್ಟಗೆ ನಿಂತು ಒಂದು ಫೋಟೋ ತೆಗೆದಿಡಿ. ಗುಜರಿಯವನು ಅದಕ್ಕೆ ತಗಡಿನ ತೂಕದ ರೊಕ್ಕ ಮಾತ್ರ ಕೊಡುತ್ತಾನೆ.