ಮುಳಬಾಗಿಲಿನಲ್ಲಿ ಹತ್ತು ನಿಮಿಷ

1

ಬೆಳಗಿನ ಜಾವ ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜಿನ ಬಳಿ ಜನ ಚೀಲಗಳನ್ನು ಕಾಲಿಗೆ ಆನಿಸಿಟ್ಟುಕೊಂಡು ನಿಂತಿರುತ್ತಾರೆ. ಬರುವ ಬಸ್ಸುಗಳ ಬೋರ್ಡು: ತಿರುಪತಿ, ಚಿತ್ತೂರು, ಕಾಣಿಪಾಕಂ, ವೇಲೂರು. ಹಳೇ ಮದ್ರಾಸ್ ರಸ್ತೆ ಹಿಡಿದು ಹೊರಟ ಇವೆಲ್ಲ ಮುಳಬಾಗಿಲನ್ನು ಹಾದು ಹೋಗುತ್ತವೆ. ಬೋರ್ಡಿನಲ್ಲಿ ಆ ಊರು ಕೆಳಗಿನ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ. ಕೆಲವು ಬೋರ್ಡುಗಳಲ್ಲಿ ಇಲ್ಲವೇ ಇಲ್ಲ.

2

ಕಂಡಕ್ಟರ್ ಕೂಗುವ ರೀತಿ: ‘ಕೋಲಾರ ಮುಳಬಾಗ್ಲು ತಿರುಪ್ತಿ, ತಿರುಪ್ತಿ, ತಿರುಪ್ತಿ.’

3

ಮದ್ರಾಸು 1996ರಲ್ಲಿ ಚೆನ್ನೈ ಆಯಿತು. ರಾಷ್ಟ್ರೀಯ ಹೆದ್ದಾರಿ 4 ಆಮೇಲೆ 75 ಆಯಿತು. ಹಲಸೂರಿನಿಂದ ಟಿನ್ ಫ್ಯಾಕ್ಟರಿವರೆಗೆ ಅಂಗಡಿಗಳ ಬೋರ್ಡಿನಲ್ಲಿ ಇನ್ನೂ ಹಳೇ ಮದ್ರಾಸ್ ರಸ್ತೆ. ಟಿನ್ ಫ್ಯಾಕ್ಟರಿ ಎಲ್ಲಿ ಎಂದು ಕೇಳಿದರೆ ಬಸ್ ಸ್ಟಾಪು ತೋರಿಸುತ್ತಾರೆ.

4

2023ರ ಜೂನ್‌ನಿಂದ ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಸೊನ್ನೆ. ರಾಜ್ಯ ದಾಟುವ ಬಸ್ಸಿನಲ್ಲಿ ಕಾಸು ಕೊಡಬೇಕು. ತಿರುಪತಿ ಬಸ್ಸು ಖಾಲಿ ಸೀಟುಗಳೊಡನೆ ಬಂದು ನಿಂತಿತು. ಮುಳಬಾಗಿಲಿನ ಗಂಡಸೊಬ್ಬರು ಹತ್ತಿದರು. ಹೆಂಡತಿ ಕೆಳಗೇ ನಿಂತು, ‘ನಮ್ಮೂರ ಬಸ್ಸು ಬರಲಿ ಇರ್ರೀ’ ಅಂದರು. ಗಂಡ ಇಳಿದರು. ಇಬ್ಬರೂ ಮುಕ್ಕಾಲು ಗಂಟೆ ಕಾದರು. ಬಂದ ಬಸ್ಸಿನಲ್ಲಿ ಇಬ್ಬರೂ ನಿಂತೇ ಹೋದರು.

5

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಮುಳಬಾಗಿಲು ಸುಮಾರು 830. ಬೆಟ್ಟದ ಊರಿಗೆ ಹೋಗುವವರು ಇಲ್ಲಿ ಹತ್ತುವುದಿಲ್ಲ, ಇಳಿಯುತ್ತಾರೆ. ನೂರು ಕಿಲೋಮೀಟರಿಗೆ ಹತ್ತಿರವಾದ ದಾರಿಯಲ್ಲಿ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮುಂದೆ, ಪಲಮನೇರು ದಾಟಿ ಮೊಗಿಲಿ ಘಾಟಿನಲ್ಲಿ. ಚಿತ್ತೂರು ಸುಮಾರು 300 ಮೀಟರ್‌ನಲ್ಲಿದೆ. ಅಲ್ಲಿ ಸೆಕೆ ಶುರುವಾಗಿ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವೆ.

6

ನರಸಾಪುರದಲ್ಲಿ ಸ್ಕೂಟರ್ ಮಾಡುವ ಕಾರ್ಖಾನೆ ಇದೆ, ಐಫೋನ್ ಜೋಡಿಸುವ ಕಾರ್ಖಾನೆ ಇದೆ. ಶಿಫ್ಟ್ ಬಿಟ್ಟಾಗ ಕೊರಳಲ್ಲಿ ಕಾರ್ಡು ಹಾಕಿಕೊಂಡ ಹುಡುಗಿಯರು ಹತ್ತುತ್ತಾರೆ. ಕೂತ ಕೂಡಲೇ ನಿದ್ದೆ. ತಮ್ಮ ಸ್ಟಾಪಿಗೆ ಎರಡು ನಿಮಿಷ ಮೊದಲು ಏಳುತ್ತಾರೆ. ಯಾರೂ ಎಬ್ಬಿಸುವುದಿಲ್ಲ. ಇದು ಹೇಗೆ ಆಗುತ್ತದೆ ಎಂದು ನಾನು ಹಲವು ಸಲ ನೋಡಿದರೂ ತಿಳಿದಿಲ್ಲ.

7

ಹತ್ತುವ ಮೊದಲು ಮುಳಬಾಗಿಲಿನವರು ಕೇಳುವ ಪ್ರಶ್ನೆ ಒಂದೇ: ‘ಊರೊಳಗೆ ಹೋಗುತ್ತಾ?’ ಹೆದ್ದಾರಿ ಊರನ್ನು ಬಳಸಿ ಹೋಗುತ್ತದೆ. ಬೈಪಾಸಿನಲ್ಲಿ ಇಳಿಸುವ ಬಸ್ಸು ಬೇರೆ, ಸ್ಟ್ಯಾಂಡಿಗೆ ಬರುವ ಬಸ್ಸು ಬೇರೆ. ಬೈಪಾಸಿನಲ್ಲಿ ಇಳಿದವರಿಗೆ ಆಟೊ.

8

ಊರಿನ ಬೆನ್ನಿಗೆ ಬೆಟ್ಟ. ಮರ ಕಡಿಮೆ, ಬಂಡೆ ಹೆಚ್ಚು. ಬಂಡೆಯ ಮೇಲೆ ಬಂಡೆ, ಅದರ ಮೇಲೆ ಕೋಟೆಯ ಗೋಡೆ. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಕೆಳಗೆ ನಿಂತು ಹೇಳಲಾಗದು. ಕೋಲಾರ ಸೀಮೆಯ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು.

ಬಸ್ಸಿಗೆ ಕಾಯುವವರು ಬೆಟ್ಟಕ್ಕೆ ಬೆನ್ನು ಹಾಕಿ ಕೂತಿದ್ದರು. ಬಸ್ಸು ಬರುವ ದಿಕ್ಕು ಬೇರೆ.

9

ಬೆಟ್ಟವನ್ನು ಯಾರು ಹತ್ತುತ್ತಾರೆ? ಟೀ ಅಂಗಡಿಯವರು ಯೋಚಿಸಿ ಹೇಳಿದರು: ಮೇಕೆಯವರು, ಕಾಲೇಜು ಹುಡುಗರು, ಬೆಂಗಳೂರಿನಿಂದ ಭಾನುವಾರ ಬರುವ ಕೆಲವರು. ನೀವು? ‘ಸಣ್ಣವನಾಗಿದ್ದಾಗ.’

10

ಡ್ರೈವರ್ ಇಳಿಯುತ್ತ ‘ಹತ್ತು ನಿಮಿಷ’ ಅನ್ನುತ್ತಾರೆ. ಈ ಹತ್ತು ನಿಮಿಷದಲ್ಲಿ ಆಗುವ ಕೆಲಸಗಳು: ಟೀ, ಮೂತ್ರ, ಮಗುವಿನ ಬಾಟ್ಲಿಗೆ ನೀರು, ಮೊಬೈಲಿಗೆ ಐದು ನಿಮಿಷದ ಚಾರ್ಜು, ಊರಿಗೆ ಫೋನು. ಫೋನಿನಲ್ಲಿ ಹೇಳುವುದು: ‘ಮುಳಬಾಗಲಲ್ಲಿದೀವಿ.’ ಆ ಕಡೆಯವರು ಅದನ್ನು ಕೇಳಿ ಅಕ್ಕಿ ಇಡುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಕಿಟಕಿ ಪಕ್ಕದ ಹೆಂಗಸರು ಇಳಿಯುವುದಿಲ್ಲ. ಇಳಿದರೆ ಸೀಟು ಹೋಗುತ್ತದೆ ಎಂಬ ಭಯ, ಸೀಟಿನ ನಂಬರು ಟಿಕೆಟ್ಟಿನಲ್ಲಿ ಇದ್ದರೂ.

11

ಸೌತೆಕಾಯಿ ಮಾರುವವರು ಬಸ್ಸು ಹತ್ತುತ್ತಾರೆ. ಪ್ರತಿ ಸೀಟಿಗೂ ಬೇರೆ ಭಾಷೆ. ಇಲ್ಲಿ ಕನ್ನಡ, ಅಲ್ಲಿ ತೆಲುಗು, ಹಿಂದಿನ ಸೀಟಿಗೆ ಉರ್ದು, ಅದರ ಹಿಂದಿನದಕ್ಕೆ ತಮಿಳು. ಮುಖ ನೋಡಿ ಆರಿಸುತ್ತಾರೆ, ತಪ್ಪುವುದು ಕಡಿಮೆ. ನನ್ನ ಹತ್ತಿರ ತೆಲುಗಿನಲ್ಲಿ ಶುರು ಮಾಡಿ, ನಾನು ಬಾಯಿ ತೆರೆಯುವ ಮೊದಲೇ ಕನ್ನಡಕ್ಕೆ ಬಂದರು. ಏನನ್ನು ಕಂಡು ಬದಲಾಯಿಸಿದರು?

12

ತಿರುಪತಿಗೆ ಹೋಗುವ ಬಸ್ಸಿನಲ್ಲಿ ತಲೆತುಂಬ ಕೂದಲು. ಬರುವ ಬಸ್ಸಿನಲ್ಲಿ ಬೋಳು ತಲೆ, ಅದರ ಮೇಲೆ ಗಂಧ. ಮಕ್ಕಳು ತಲೆ ಸವರಿಕೊಳ್ಳುತ್ತಲೇ ಇರುತ್ತವೆ. ಬಸ್ಸು ಯಾವ ಕಡೆಯಿಂದ ಬಂತು ಎಂದು ತಿಳಿಯಲು ಸ್ಟ್ಯಾಂಡಿನ ಹೂವಿನವರು ಬೋರ್ಡು ನೋಡುವುದಿಲ್ಲ. ಹೋಗುವವರು ಹೂ ಕೊಳ್ಳುತ್ತಾರೆ, ಬರುವವರು ಕೊಳ್ಳುವುದಿಲ್ಲ.

13

ಊರಿಂದ ಸ್ವಲ್ಪ ದೂರದಲ್ಲಿ ನರಸಿಂಹತೀರ್ಥ. ಮೈಸೂರು ಸೀಮೆಯಿಂದ ತಿರುಪತಿಗೆ ಹೋಗುವವರು ಇಲ್ಲಿ ಮಿಂದು ಮುಂದೆ ಹೋಗುವ ವಾಡಿಕೆ ಇತ್ತು. ಶ್ರೀಪಾದರಾಜರ ಬೃಂದಾವನ ಇರುವುದು ಇಲ್ಲೇ. ರಂಗವಿಠಲ ಅಂಕಿತದಲ್ಲಿ ಕನ್ನಡ ಪದಗಳನ್ನು ಕಟ್ಟಿದವರು, ಹದಿನೈದನೆಯ ಶತಮಾನದವರು. ವ್ಯಾಸರಾಯರು ಓದಿದ್ದು ಇವರ ಬಳಿ. ಪುರಂದರದಾಸರಿಗೆ ಗುರುವಾದ ವ್ಯಾಸರಾಯರು ಬೆಳೆದ ನೆಲ ಇದು.

ಅಲ್ಲಿಗೆ ಹೋಗುವ ಆಟೊದವರು ಕೇಳಿದರು: ‘ವಾಪಸ್ ಎಷ್ಟು ಹೊತ್ತಿಗೆ ಬಸ್ಸು ಸಾರ್?’ ಇಲ್ಲಿ ಉಳಿಯುವವರು ಇದ್ದಾರೆ ಎಂದು ಅವರು ಎಣಿಸಿದಂತೆ ಕಾಣಲಿಲ್ಲ.

14

ಊರೊಳಗೆ ಹೈದರ್ ವಲಿಯವರ ದರ್ಗಾ. ಟಿನ್ ಫ್ಯಾಕ್ಟರಿಯಲ್ಲಿ ಹತ್ತಿದ ಶಿವಾಜಿನಗರದ ಒಂದು ಮನೆಯವರು ಅಲ್ಲಿಗೇ ಹೊರಟಿದ್ದರು. ಅಜ್ಜಿ, ಸೊಸೆ, ಎರಡು ಮಕ್ಕಳು, ರಸೆಲ್ ಮಾರ್ಕೆಟ್ಟಿನ ಗುಲಾಬಿ ಹೂವಿನ ಕವರ್. ಪಕ್ಕದ ಸೀಟಿನಲ್ಲಿ ತಿರುಪತಿಗೆ ಹೋಗುವ ಇಂದಿರಾನಗರದ ದಂಪತಿ. ಅಜ್ಜಿ ಅವರಿಗೆ ಹೇಳಿದರು: ‘ಹೋಗಿ ಬನ್ನಿ ಮಗಾ, ನಮಗೂ ಬೇಡ್ಕೊಳ್ಳಿ.’ ಅವರೂ ಹಾಗೇ ಹೇಳಿದರು. ಇಳಿಯುವಾಗ ಅಜ್ಜಿ ಒಂದು ಹಿಡಿ ಗುಲಾಬಿ ಕೊಟ್ಟರು. ಅದು ಮುಂದಕ್ಕೆ ಹೋಯಿತು.

15

ಹಲಸೂರಿನಲ್ಲಿ ಸೋಮೇಶ್ವರ. ಕೋಲಾರದಲ್ಲಿ ಸೋಮೇಶ್ವರ. ಮುಳಬಾಗಿಲಿನಲ್ಲಿ ಸೋಮೇಶ್ವರ. ಮುಳಬಾಗಿಲಿನಿಂದ ಬಡಗಕ್ಕೆ ಕುರುಡುಮಲೆಯಲ್ಲೂ ಸೋಮೇಶ್ವರ. ಎಲ್ಲವೂ ಒಂದೇ ದಾರಿಯ ಆಚೀಚೆ.

16

ಕುರುಡುಮಲೆಯ ಗಣಪತಿ ಒಂದೇ ಕಲ್ಲಿನದು, 13 ಅಡಿಗೂ ಎತ್ತರ. ಕಾರಿನವರು ಮೊದಲು ಗಣಪತಿ, ಆಮೇಲೆ ತಿಮ್ಮಪ್ಪ ಎಂದು ಕ್ರಮ ಇಟ್ಟುಕೊಂಡಿದ್ದಾರೆ. ಬಸ್ಸಿನವರಿಗೆ ಹತ್ತು ನಿಮಿಷದಲ್ಲಿ ಅದು ಆಗುವುದಿಲ್ಲ. ಅವರು ಬಸ್ಸಿನಲ್ಲೇ ಆ ದಿಕ್ಕಿಗೆ ಕೈ ಮುಗಿಯುತ್ತಾರೆ. ದಿಕ್ಕು ಒಬ್ಬೊಬ್ಬರದು ಒಂದೊಂದು.

17

1768ರ ಅಕ್ಟೋಬರ್. ಈ ಬಂಡೆಗಳ ನಡುವೆ ಕಂಪನಿಯ ಕರ್ನಲ್ ವುಡ್‌ನ ಪಡೆ ಹೈದರಾಲಿಯ ಪಡೆಗೆ ಸಿಕ್ಕಿಬಿದ್ದಿತು. ಕ್ಯಾಪ್ಟನ್ ಬ್ರೂಕ್ ಎಂಬವನು ಕಾಯಿಲೆಯವರನ್ನೂ ಗಾಯಗೊಂಡವರನ್ನೂ ಎಬ್ಬಿಸಿಕೊಂಡು, ಎರಡು ಫಿರಂಗಿಗಳನ್ನು ಬಂಡೆಯ ಮೇಲಕ್ಕೆ ಎಳೆಸಿ, ಗುಂಡು ಹಾರಿಸಿ, ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದ. ಕರ್ನಲ್ ಸ್ಮಿತ್ ದೊಡ್ಡ ಪಡೆಯೊಡನೆ ಬಂದ ಎಂದುಕೊಂಡು ಹೈದರನ ಕಡೆಯವರು ತಡೆದು ನಿಂತರು. ವುಡ್‌ಗೆ ಉಸಿರಾಡಲು ಹೊತ್ತು ಸಿಕ್ಕಿತು.

ಸ್ಮಿತ್ ಬಂದಿರಲಿಲ್ಲ.

ಯಾವ ಬಂಡೆ ಎಂದು ಹಲವರನ್ನು ಕೇಳಿದೆ. ಬೆಟ್ಟದಲ್ಲಿ ಕೂಗಿದರೆ ದನಿ ಎಷ್ಟು ದೂರ ಹೋಗುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಮೇಕೆಯವರು ಹಾಗೇ ಕರೆಯುತ್ತಾರೆ.

18

ಅದಕ್ಕೂ ನಾಲ್ಕು ಶತಮಾನ ಹಿಂದೆ, ಬುಕ್ಕರಾಯನ ಮಗ ಕುಮಾರ ಕಂಪಣ ಮುಳಬಾಗಿಲನ್ನು ನೆಲೆ ಮಾಡಿಕೊಂಡಿದ್ದ. ಇಲ್ಲಿಂದ ದಂಡೆತ್ತಿ ಮಧುರೆಯವರೆಗೆ ಹೋದ. ಅವನ ಹೆಂಡತಿ ಗಂಗಾದೇವಿ ಆ ದಂಡಯಾತ್ರೆಯನ್ನು ಸಂಸ್ಕೃತದಲ್ಲಿ ಕಾವ್ಯವಾಗಿ ಬರೆದಳು: ಮಧುರಾವಿಜಯಂ. ಮುಂದೆ ಇಮ್ಮಡಿ ದೇವರಾಯನ ಕಾಲದಲ್ಲಿ ಮುಳಬಾಗಿಲು ರಾಜ್ಯವನ್ನು ಆಳಿದ ಲಕ್ಕಣ್ಣ ದಂಡೇಶ ಶಿವತತ್ತ್ವಚಿಂತಾಮಣಿ ಬರೆದ. ದಂಡಿನವರೂ ಬರೆದರು, ದಂಡಿನವರ ಮನೆಯವರೂ ಬರೆದರು. ಊರಿನ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಈ ಹೆಸರುಗಳನ್ನು ನಾನು ಹುಡುಕಿದೆ. ಟ್ಯೂಷನ್, ಬೋರ್‌ವೆಲ್, ಮೂಲವ್ಯಾಧಿ.

19

ಡಿ.ವಿ.ಜಿ. ಹುಟ್ಟಿದ್ದು ಮುಳಬಾಗಿಲಿನಲ್ಲಿ, 1887ರಲ್ಲಿ. ಪತ್ರಿಕೆ, ಗೋಖಲೆ ಸಂಸ್ಥೆ, ಮಂಕುತಿಮ್ಮನ ಕಗ್ಗ ಎಲ್ಲವೂ ಬೆಂಗಳೂರಿನಲ್ಲಿ. ಅವರ ಪ್ರತಿಮೆ ಇರುವುದು ಬಸವನಗುಡಿಯ ಬ್ಯೂಗಲ್ ರಾಕ್‌ನಲ್ಲಿ, ಅದೂ ಬಂಡೆಗಳ ನಡುವೆ. ಮುಳಬಾಗಿಲಿನ ಜನರನ್ನು, ಅವರ ಮಾತು, ಊಟ, ಜಗಳಗಳನ್ನು ಅವರು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಬರೆದಿಟ್ಟರು. ಊರಿನಲ್ಲಿ ಇಳಿದು ಅಡ್ಡಾಡುವ ಆಸೆ ನನಗೆ ಹುಟ್ಟಿದ್ದು ಆ ಪುಟಗಳಿಂದ. ಬಸ್ಸಿನಿಂದ ಇಳಿಯದವನಿಗೆ ಊರು ತೋರಿಸಿದ ಪುಸ್ತಕ ಅದು.

20

ದೋಸೆ. ಅಗಲ ಕಡಿಮೆ, ದಪ್ಪ ಹೆಚ್ಚು. ಹೊರಗೆ ಗರಿ, ಒಳಗೆ ಮೆತ್ತಗೆ. ತುಪ್ಪಕ್ಕೋ ಎಣ್ಣೆಗೋ ಲೆಕ್ಕ ಇಡುವುದಿಲ್ಲ. ಇಂದಿರಾನಗರ, ಕೆ.ಆರ್. ಪುರ ಎರಡೂ ಕಡೆ ‘ಮುಳಬಾಗಿಲು ದೋಸೆ’ ಬೋರ್ಡುಗಳನ್ನು ನೋಡಿದ್ದೇನೆ. ಹೆದ್ದಾರಿಯ ಅಂಚಿನ ಹೋಟೆಲುಗಳಲ್ಲೂ ಹಾಗೇ ಬರೆದಿದೆ, ರಸ್ತೆಗೆ ಮುಖ ಮಾಡಿ. ಊರೊಳಗೆ ಕೂತವರು ಕೇಳುವುದು: ‘ಎರಡು ದೋಸೆ ಕೊಡಣ್ಣ.’

ಬೆಂಗಳೂರಿನಲ್ಲಿ ತಿಂದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಗಮನಿಸಿದೆ. ಇಲ್ಲಿ ಕಾವಲಿಯ ಮುಂದೆ ನಿಂತವರು ಮಾತಾಡುವುದಿಲ್ಲ. ದೋಸೆ ಆಗಲು ಹೊತ್ತು ಬೇಕು. ಹತ್ತು ನಿಮಿಷಕ್ಕೆ ಇಳಿದವರು ಮೂರು ಸಲ ಬಸ್ಸಿನ ಕಡೆ ತಿರುಗಿ ನೋಡುತ್ತಾರೆ, ಕೊನೆಗೆ ಪಾರ್ಸೆಲ್ ಕಟ್ಟಿಸಿಕೊಂಡು ಓಡುತ್ತಾರೆ. ಪಾರ್ಸೆಲ್ಲಿನಲ್ಲಿ ಗರಿ ಉಳಿಯುವುದಿಲ್ಲ. ಆದ್ದರಿಂದ ಈ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದವರಲ್ಲಿ ಬಹಳ ಜನ ಮುಳಬಾಗಿಲಿನ ದೋಸೆಯನ್ನು ಮೆತ್ತಗೆ ಮಾತ್ರ ತಿಂದಿದ್ದಾರೆ.

21

ಹಲಸೂರು, ಇಂದಿರಾನಗರದ ಚರಂಡಿ ನೀರು ಹರಿಯುವುದು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ. 2018ರ ಜೂನ್‌ನಿಂದ ಆ ಕಣಿವೆಯ ನೀರನ್ನು ಸಂಸ್ಕರಿಸಿ, ಪಂಪು ಮಾಡಿ, ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಬಸ್ಸಿನ ಕಿಟಕಿಯಿಂದ ಈಗ ಕೆರೆಗಳಲ್ಲಿ ನೀರು ಕಾಣುತ್ತದೆ. ಮೊದಲು ಕಾಣುತ್ತಿದ್ದದ್ದು ಜಾಲಿ.

22

ಎದುರಿನಿಂದ ಟೊಮೆಟೊ ಲಾರಿಗಳು. ಕೋಲಾರದ ಎ.ಪಿ.ಎಂ.ಸಿ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲೂ ಮಾರುಕಟ್ಟೆ ಇದೆ. 2023ರ ಜುಲೈಯಲ್ಲಿ 15 ಕಿಲೊ ಬಾಕ್ಸು 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಇದೇ ರಸ್ತೆಯ ಪಕ್ಕದಲ್ಲಿ ಟೊಮೆಟೊ ಸುರಿದಿರುವುದನ್ನು ನೋಡಿದ್ದೇನೆ. ದನಗಳೂ ಸ್ವಲ್ಪ ತಿಂದು ಬಿಟ್ಟಿದ್ದವು.

23

ಸೋಮವಾರ ಬೆಳಗ್ಗೆ, ಇನ್ನೂ ಕತ್ತಲು. ಬೆಂಗಳೂರಿನ ಕಡೆಯ ಬಸ್ಸು. ಗಾರೆ ಕೆಲಸದವರು, ಸೆಕ್ಯುರಿಟಿಯವರು, ಮನೆಗೆಲಸದವರು. ಪ್ರತಿಯೊಬ್ಬರ ಬಳಿಯೂ ಊರಿನ ಒಂದು ಚೀಲ: ರಾಗಿಹಿಟ್ಟು, ಹುಣಸೆಹಣ್ಣು, ಅವರೆಕಾಯಿ. ಕೆ.ಆರ್. ಪುರದಲ್ಲಿ ಅರ್ಧ ಬಸ್ಸು ಖಾಲಿ. ಉಳಿದವರು ಇಂದಿರಾನಗರ, ಹಲಸೂರು ಎಂದು ಚದುರುತ್ತಾರೆ. ಮುಳಬಾಗಿಲಿನಲ್ಲಿ ಇಳಿಯದ ನಗರದವರ ಮನೆಯ ಅಡಿಗೆಮನೆಗಳಿಗೆ ಮುಳಬಾಗಿಲಿನವರು ಎಂಟು ಗಂಟೆಗೆ ತಲುಪುತ್ತಾರೆ.

24

ನಂಗಲಿ ದಾಟಿದರೆ ಆಂಧ್ರ. ಬೋರ್ಡುಗಳ ಲಿಪಿ ಬದಲಾಗುತ್ತದೆ. ಮಾತು ಬದಲಾಗುವುದಿಲ್ಲ, ಅದು ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲೇ ಬೆರೆತುಹೋಗಿತ್ತು.

25

1864ರಲ್ಲಿ ಮದ್ರಾಸಿನ ರೈಲು ಬೆಂಗಳೂರು ದಂಡಿಗೆ ಬಂತು. ಕಂಟೋನ್ಮೆಂಟ್ ನಿಲ್ದಾಣ ಆಗಿನದು. ರೈಲಿನ ದಾರಿ ಜೋಲಾರಪೇಟೆ, ಬಂಗಾರಪೇಟೆ, ಮಾಲೂರು. ದಂಡಿನ ಸಾಮಾನು, ಸಿಪಾಯಿಗಳು, ಕಾಗದಗಳು ಆ ಕಡೆ ಹೋದವು. ಮುಳಬಾಗಿಲಿಗೆ ಹಳಿ ಬರಲಿಲ್ಲ. ಇಂದಿಗೂ ರೈಲು ಇಲ್ಲ. ಆದ್ದರಿಂದ ಬಸ್ಸು.

26

2024ರ ಕೊನೆಯಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ ತೆರೆಯಿತು. ಸುಮಾರು 70 ಕಿಲೋಮೀಟರ್. ಹೊಸಕೋಟೆಯಿಂದ ಮಾಲೂರು, ಕೆ.ಜಿ.ಎಫ್. ಕಡೆಯಿಂದ ಬೇತಮಂಗಲದತ್ತ. ನಕ್ಷೆಯಲ್ಲಿ ಬೆರಳಿಟ್ಟು ನೋಡಿದೆ: ರೈಲು ಹೋದ ದಿಕ್ಕೇ ಬಹುಮಟ್ಟಿಗೆ. ಮುಳಬಾಗಿಲು ಮೇಲೆ, ಬಡಗದಲ್ಲಿ ಉಳಿಯುತ್ತದೆ.

ಆ ರಸ್ತೆಯಲ್ಲಿ ನಿಮ್ಮ ಬಸ್ಸು ಹೋಗುವುದಿಲ್ಲವೇ ಎಂದು ಕಂಡಕ್ಟರನ್ನು ಕೇಳಿದೆ. ಅವರು ಟಿಕೆಟ್ ಮಷಿನ್ ಒತ್ತುತ್ತಲೇ ಹೇಳಿದರು: ‘ಅಲ್ಲಿ ಕೈ ತೋರ್ಸೋರು ಯಾರಿದಾರೆ ಸಾರ್?’