ಊಟದ ಹೊತ್ತಿನ ಪ್ರಾರ್ಥನೆ

“ಸಂಕಟ ಬಂದಾಗ ವೆಂಕಟರಮಣ” ಎಂಬ ಗಾದೆಯಲ್ಲಿ ಹಾಸ್ಯವೂ ಆಕ್ಷೇಪಣೆಯೂ ಸೇರಿಕೊಂಡಿವೆ. ಸುಖದಲ್ಲಿದ್ದಾಗ ದೇವರ ಕಡೆಗೆ ತಿರುಗಿಯೂ ನೋಡದವನು ಹಾಸಿಗೆ ಹಿಡಿದೊಡನೆ ಹರಕೆ ಕಟ್ಟುವನೆಂಬುದು ಹಾಸ್ಯ; ಅಂಥ ಭಕ್ತಿಗೆ ಭಯವೆಂಬುದೇ ನಿಜವಾದ ಹೆಸರೆಂಬುದು ಆಕ್ಷೇಪಣೆ. ಈ ಆಕ್ಷೇಪಣೆಗೆ ಉತ್ತರ ಕೊಡಬೇಕಾದ ಹೊಣೆ ಎಲ್ಲ ಮತಗಳಿಗೂ ಉಂಟು. ಕ್ರೈಸ್ತರ ಧರ್ಮಗ್ರಂಥದಲ್ಲಿ ಹೆದರಬೇಡವೆಂಬ ಅಭಯವಚನವು ಎಷ್ಟೋ ಸಲ ಬರುತ್ತದೆ. ಆದರೆ ಅಭಯವನ್ನು ಪಡೆದವರೆಲ್ಲರೂ ಅಪಾಯದಿಂದ ಪಾರಾದರೆಂದು ಆ ಗ್ರಂಥವು ಹೇಳುವುದಿಲ್ಲ. ಯೇಸುವಿನ ಆಪ್ತಶಿಷ್ಯರಲ್ಲಿ ಒಬ್ಬನಾದ ಯಾಕೋಬನು ಹೆರೋದನ ಕತ್ತಿಗೆ ಬಲಿಯಾದನು. ಸ್ತೆಫನನು ಕಲ್ಲೆಸೆತಕ್ಕೆ ಸಿಕ್ಕಿ ಪ್ರಾಣಬಿಟ್ಟನು. ಹಾಗಾದರೆ ಭಯದ ಕಾಲದಲ್ಲಿ ಈ ವಿಶ್ವಾಸವು ಕೊಡುವ ಸಮಾಧಾನವಾದರೂ ಯಾವುದು? ಮನಸ್ಸು ತನಗೆ ತಾನೇ ಹಾಡಿಕೊಳ್ಳುವ ಜೋಗುಳವೆ? ಅಥವಾ ಅದಕ್ಕಿಂತ ಗಟ್ಟಿಯಾದುದೊಂದು ಅದರಲ್ಲಿದೆಯೆ?

ಇಂಥ ಪ್ರಶ್ನೆಗೆ ಉತ್ತರವನ್ನು ತರ್ಕದಲ್ಲಿ ಅರಸುವುದಕ್ಕಿಂತ, ಭಯವನ್ನು ಕಣ್ಣಾರೆ ಕಂಡು ಅದರ ನಡುವೆ ಬಾಳಿದವರ ಚರಿತ್ರೆಯಲ್ಲಿ ಅರಸುವುದು ಮೇಲು.

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ, ಲೈಪ್ಸಿಗ್ ನಗರಕ್ಕೆ ಸಮೀಪವಾಗಿ, ಮುಲ್ಡೆ ನದಿಯ ದಡದಲ್ಲಿ ಐಲೆನ್‌ಬುರ್ಗ್ ಎಂಬ ಊರಿದೆ. ಮಾರ್ಟಿನ್ ರಿಂಕಾರ್ಟನು 1586ರಲ್ಲಿ ಅಲ್ಲಿ ಪೀಪಾಯಿ ಮಾಡುವವನೊಬ್ಬನ ಮಗನಾಗಿ ಹುಟ್ಟಿದನು. ಲೈಪ್ಸಿಗ್ಗಿನಲ್ಲಿ ದೇವಶಾಸ್ತ್ರವನ್ನೂ ಸಂಗೀತವನ್ನೂ ಕಲಿತು, 1617ರಲ್ಲಿ ಹುಟ್ಟಿದ ಊರಿಗೇ ಪಾದ್ರಿಯಾಗಿ ಬಂದನು. ಮರುವರ್ಷವೇ ಮೂವತ್ತು ವರ್ಷಗಳ ಯುದ್ಧವೆಂದು ಹೆಸರಾದ ಯುದ್ಧವು ಮೊದಲಾಯಿತು. 1648ರಲ್ಲಿ ಅದು ಮುಗಿಯಿತು. 1649ರಲ್ಲಿ ಆತನು ತೀರಿಕೊಂಡನು. ಆತನು ತನ್ನ ಊರಿನಲ್ಲಿ ಮಾಡಿದ ಸೇವೆಯೆಲ್ಲವೂ ಹೆಚ್ಚುಕಡಿಮೆ ಯುದ್ಧದ ನೆರಳಿನಲ್ಲಿಯೇ ಕಳೆಯಿತು.

ಪ್ಲೇಗೆಂಬ ಹೆಸರು ಕನ್ನಡ ನಾಡಿಗೆ ಅಪರಿಚಿತವಲ್ಲ. 1898ರಲ್ಲಿ ಅದು ಬೆಂಗಳೂರಿಗೆ ಬಂದಿತು. ಅಲ್ಲಿಂದ ಮುಂದೆ ಎಷ್ಟೋ ವರ್ಷಗಳವರೆಗೆ, ಇಲಿ ಬಿದ್ದಿತೆಂದರೆ ಮನೆಗೆ ಬೀಗ ಹಾಕಿ, ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುವುದು ಜನರ ವಾಡಿಕೆಯಾಗಿತ್ತು. 1637ರಲ್ಲಿ ಐಲೆನ್‌ಬುರ್ಗಿನವರಿಗೆ ಆ ದಾರಿಯೂ ಇರಲಿಲ್ಲ. ಆಗ ಆ ಊರಿಗೆ ಕೋಟೆಗೋಡೆಯಿತ್ತು. ಗೋಡೆಯ ಹೊರಗೆ ಸೈನ್ಯಗಳ ಸುಲಿಗೆ. ಅದಕ್ಕೆ ಹೆದರಿ ಸುತ್ತಣ ಹಳ್ಳಿಗಳವರೆಲ್ಲ ಒಳಕ್ಕೆ ಬಂದು ತುಂಬಿಕೊಂಡರು. ಗೋಡೆಯ ಒಳಗೆ ಪ್ಲೇಗು. ಊರಿನ ಧರ್ಮಾಧಿಕಾರಿಗಳಲ್ಲಿ ಹಿರಿಯನು ಬೇರೆ ಕಡೆಗೆ ಹೊರಟುಹೋದನು. ಇನ್ನಿಬ್ಬರು ರೋಗಕ್ಕೆ ಬಲಿಯಾದರು. ಅವರನ್ನು ಮಣ್ಣುಮಾಡಿದವನು ರಿಂಕಾರ್ಟನೇ. ಕೊನೆಗೆ ಅಷ್ಟು ಜನರಿಗೂ ಆತನೊಬ್ಬನೇ ಉಳಿದನು. ದಿನವೊಂದಕ್ಕೆ ನಲವತ್ತು ಐವತ್ತು ಶವಗಳ ಮುಂದೆ ನಿಂತು ಆತನು ಅಂತ್ಯಕ್ರಿಯೆಯ ಪ್ರಾರ್ಥನೆ ಹೇಳಬೇಕಾಯಿತು. ಆತನು ಹೀಗೆ ಕಳುಹಿಸಿಕೊಟ್ಟವರ ಸಂಖ್ಯೆ 4480 ಎಂದು ಚರಿತ್ರೆಕಾರರು ಬರೆದಿದ್ದಾರೆ. ಆ ವರ್ಷದ ಮೇ ತಿಂಗಳಲ್ಲಿ ಆತನ ಹೆಂಡತಿಯೂ ತೀರಿಕೊಂಡಳು. ಆಮೇಲೆ ಪ್ರಾರ್ಥನೆಗೂ ಅವಕಾಶವಿಲ್ಲದೆ ಕಂದಕಗಳಲ್ಲಿ ಹೆಣಗಳನ್ನು ಸಾಲಾಗಿ ಹೂಳಬೇಕಾಯಿತು. 2020 ಮತ್ತು 2021ನೆಯ ವರ್ಷಗಳಲ್ಲಿ ತಮ್ಮವರ ಮುಖವನ್ನು ಕಡೆಯ ಸಲ ನೋಡಲೂ ಆಗದೆ ದೂರದಲ್ಲಿ ನಿಂತವರಿಗೆ ಆ ಕಂದಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ಲೇಗಿನ ಬೆನ್ನಿಗೇ ಕ್ಷಾಮ ಬಂದಿತು. ಸತ್ತ ಕಾಗೆಯೊಂದಕ್ಕಾಗಿ ಬೀದಿಯಲ್ಲಿ ಜನ ಹೊಡೆದಾಡಿದರೆಂದು ಹೇಳುತ್ತಾರೆ. ರಿಂಕಾರ್ಟನು ತನ್ನಲ್ಲಿದ್ದುದನ್ನು ಹಸಿದವರಿಗೆ ಕೊಟ್ಟು, ತನ್ನ ಮಕ್ಕಳ ರೊಟ್ಟಿಗಾಗಿ ಮುಂದಿನ ವರ್ಷಗಳ ವರಮಾನವನ್ನು ಒತ್ತೆಯಿಟ್ಟನು. 1639ರಲ್ಲಿ ಸ್ವೀಡನ್ನಿನ ದಂಡು ಬಂದು ಆ ಬಡ ಊರಿನ ಮೇಲೆ 30,000 ತಾಲರುಗಳ ದಂಡವನ್ನು ಹೊರಿಸಿತು. ಆತನು ದಂಡನಾಯಕನ ಬಳಿಗೆ ಹೋಗಿ ಬೇಡಿಕೊಂಡನು, ಫಲವಾಗಲಿಲ್ಲ. ಆಗ ಆತನು ತನ್ನೊಡನೆ ಬಂದಿದ್ದ ಊರವರ ಕಡೆಗೆ ತಿರುಗಿ, ಮನುಷ್ಯರಲ್ಲಿ ದಯೆ ಸಿಕ್ಕದಿದ್ದ ಮೇಲೆ ದೇವರನ್ನೇ ಮರೆಹೊಗೋಣವೆಂದು ಹೇಳಿ, ಅಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಿದನೆಂದೂ, ಅದನ್ನು ಕಂಡ ದಂಡನಾಯಕನ ಮನಸ್ಸು ಕರಗಿ ದಂಡವನ್ನು ಬಹುವಾಗಿ ಇಳಿಸಿದನೆಂದೂ ಆತನ ಚರಿತ್ರೆಯಲ್ಲಿದೆ.

ಈ ಮನುಷ್ಯನ ಹೆಸರು ಇಂದಿಗೂ ಉಳಿದಿರುವುದು ಒಂದು ಚಿಕ್ಕ ಸ್ತೋತ್ರದಿಂದ. ಅದು ಶೋಕಗೀತವಲ್ಲ, ಕೃತಜ್ಞತೆಯ ಸ್ತೋತ್ರ. ಶೈಶವದಿಂದ ಅಂದಿನವರೆಗೆ ಆದ ಉಪಕಾರಗಳನ್ನು ನೆನೆದು ದೇವರನ್ನು ವಂದಿಸುವುದು, ಮುಂದೆಯೂ ಸಂತೋಷವುಳ್ಳ ಮನಸ್ಸನ್ನೂ ಶಾಂತಿಯನ್ನೂ ಬೇಡುವುದು, ಇಷ್ಟೇ ಅದರ ವಿಷಯ. ಯುದ್ಧ ಮುಗಿದು ಸಂಧಿಯಾದ ಸಂತೋಷದಲ್ಲಿ ಅದು ಹುಟ್ಟಿತೆಂದು ಬಹುಕಾಲ ಜನರು ನಂಬಿದ್ದರು. ಹಾಗೆ ನಂಬುವುದು ಸಹಜವೇ ಸರಿ. ದುಃಖ ಕಳೆದ ಮೇಲೆ ಕೃತಜ್ಞತೆ ಹುಟ್ಟುವುದು ಲೋಕರೂಢಿ. ಆದರೆ ಅದು ಸಂಧಿಗಿಂತ ಹಿಂದಿನದು. 1636ರ ಹೊತ್ತಿಗೇ, ಎಂದರೆ ಆ ಪ್ಲೇಗಿಗೂ ಮೊದಲೇ, ಆತನ ಪುಸ್ತಕದಲ್ಲಿ ಅದು ಅಚ್ಚಾಗಿತ್ತು. ಅದಕ್ಕೆ ಆತನು ಕೊಟ್ಟಿದ್ದ ತಲೆಬರಹವೂ ಬಹು ಸಾಧಾರಣವಾದುದು: ಊಟದ ಹೊತ್ತಿನ ಪುಟ್ಟ ಪ್ರಾರ್ಥನೆ.

ಮೇಲಿನ ಪ್ರಶ್ನೆಗೆ ಉತ್ತರದ ತುದಿಯು ಈ ತಲೆಬರಹದಲ್ಲಿಯೇ ಸಿಕ್ಕುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲಾಗುವುದಿಲ್ಲ. ಭಯವು ಮನುಷ್ಯನಿಗೆ ಹೊಸ ಮಾತನ್ನು ಕಲಿಸುವಷ್ಟು ಬಿಡುವು ಕೊಡದು. ನಾಲಗೆಯ ಮೇಲೆ ಮೊದಲೇ ಇದ್ದುದನ್ನು ಮಾತ್ರ ಹೊರಕ್ಕೆ ತರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಸ್ತೋತ್ರಗಳನ್ನು ಬಾಯಿಪಾಠ ಮಾಡಿಸುವ ಮನೆಗಳವರು ಇದನ್ನು ಬಲ್ಲರು. ಅರ್ಥ ತಿಳಿಯದೆ ಕಲಿತ ಸಾಲು ಮೂವತ್ತು ವರ್ಷಗಳ ಮೇಲೆ, ರೋಗಿಯ ತಲೆದಿಂಬಿನ ಬಳಿ ಕುಳಿತ ರಾತ್ರಿಯಲ್ಲಿ, ತಾನಾಗಿ ಬಂದು ಅರ್ಥವನ್ನು ಹೇಳುತ್ತದೆ.

ಯೇಸುವಿನ ವಿಷಯದಲ್ಲಿಯೂ ಹೀಗೆಯೇ ಆಯಿತೆಂಬುದನ್ನು ಸುವಾರ್ತೆಗಳು ತೋರಿಸುತ್ತವೆ. ಶಿಲುಬೆಯ ಮೇಲೆ ಆತನ ಬಾಯಿಂದ ಹೊರಟ ಮಾತುಗಳಲ್ಲಿ ಎರಡು ಹಳೆಯ ಕೀರ್ತನೆಗಳವು. ಒಂದು, ದೇವರು ತನ್ನನ್ನು ಏಕೆ ಕೈಬಿಟ್ಟನೆಂದು ಕೇಳುವ ಇಪ್ಪತ್ತೆರಡನೆಯ ಕೀರ್ತನೆಯದು. ಇನ್ನೊಂದು, ಪ್ರಾಣವನ್ನು ದೇವರ ಕೈಗೆ ಒಪ್ಪಿಸುವ ಮೂವತ್ತೊಂದನೆಯದರದು. ಯೆಹೂದ್ಯರ ಮನೆಯಲ್ಲಿ ಬೆಳೆದ ಬಾಲಕನಿಗೆ ಇವು ಚಿಕ್ಕಂದಿನಿಂದ ಪರಿಚಿತವಾದವು. ಇವುಗಳಲ್ಲಿ ಮೊದಲನೆಯದು ಸಮಾಧಾನದ ಮಾತಲ್ಲವೆಂಬುದನ್ನು ಗಮನಿಸಬೇಕು. ಅದು ದೂರು. ಆದರೆ ದೂರನ್ನು ಹೇಳಬೇಕಾದರೂ ಕೇಳುವವನೊಬ್ಬನು ಇರಬೇಕಷ್ಟೆ. ಭಯವನ್ನು ಭಯವೆಂದೇ, ಯಾವ ಬಣ್ಣವನ್ನೂ ಬಳಿಯದೆ, ಒಬ್ಬನ ಮುಂದೆ ಇಡಬಹುದೆಂಬ ಸಲುಗೆಯೇ ಕ್ರೈಸ್ತ ವಿಶ್ವಾಸವು ಕೊಡುವ ಮೊದಲನೆಯ ಸಮಾಧಾನ.

ಈ ಮಾತಿಗೆ ಇನ್ನೊಂದು ಮುಖವೂ ಉಂಟು. 1757ರಲ್ಲಿ ಲಾಯ್ಟನ್ನಿನ ಯುದ್ಧದಲ್ಲಿ ಗೆದ್ದ ಪ್ರಶ್ಯದ ಸೈನಿಕರು ರಾತ್ರಿ ರಣಭೂಮಿಯಲ್ಲಿ ರಿಂಕಾರ್ಟನ ಇದೇ ಸ್ತೋತ್ರವನ್ನು ಹಾಡಿದರೆಂದು ಪ್ರಸಿದ್ಧವಾಗಿದೆ. ದಂಡಿನ ಹಾವಳಿಗೆ ಸಿಕ್ಕಿ ಬೆಂದವನೊಬ್ಬನು ಮಕ್ಕಳಿಗಾಗಿ ಬರೆದುದು ದಂಡಿನವರ ವಿಜಯಗೀತವಾಯಿತು. ಭಕ್ತಿಯ ಮಾತು ಗೆದ್ದವರ ಬಾಯಿಗೂ ಸುಲಭವಾಗಿ ಒಗ್ಗುತ್ತದೆ. ಅದರ ಬೆಲೆಯು ತಿಳಿಯಬೇಕಾದರೆ ಸೋತವರ, ಸೆರೆಯಲ್ಲಿರುವವರ ಬಾಯಲ್ಲಿ ಅದನ್ನು ಕೇಳಬೇಕು.

ಅಂಥ ಸೆರೆಯಾಳೊಬ್ಬನು ಸಮೀಪಕಾಲದಲ್ಲಿಯೇ ಆಗಿಹೋದನು. ರಿಂಕಾರ್ಟನ ಮಾತಿಗೆ ಇಂದು ಎಲ್ಲರೂ ಹಾಡುವ ರಾಗವು ಬರ್ಲಿನ್ನಿನ ಯೋಹಾನ್ ಕ್ರ್ಯೂಗರನ ಸಂಗ್ರಹದಿಂದ, 1647ರಲ್ಲಿ, ಬಳಕೆಗೆ ಬಂದಿತು. ಪೌಲ್ ಗೆರ್ಹಾರ್ಟನೆಂಬ ಕವಿಯ ಸ್ತೋತ್ರಗಳಿಗೂ ರಾಗ ಕೊಟ್ಟು ಲೋಕಕ್ಕೆ ಪರಿಚಯ ಮಾಡಿಸಿದವನು ಆ ಕ್ರ್ಯೂಗರನೇ. ಗೆರ್ಹಾರ್ಟನೂ ಅದೇ ಯುದ್ಧವನ್ನು ಕಂಡವನು. ಐದು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲಿ ಕಳೆದುಕೊಂಡವನು. ಈ ಬಗೆಯ ಜರ್ಮನ್ ರಾಗಗಳು, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಮೂಲಕ, ಕನ್ನಡ ನುಡಿಗಳನ್ನು ಹೊತ್ತು ಕರಾವಳಿಯ ಮತ್ತು ಧಾರವಾಡದ ಕಡೆಯ ಕ್ರೈಸ್ತ ದೇವಾಲಯಗಳಲ್ಲಿಯೂ ನೆಲೆಸಿದವು. ಅತ್ತ ಜರ್ಮನಿಯಲ್ಲಿ, ಹಿಟ್ಲರನ ಆಳ್ವಿಕೆಯನ್ನು ಎದುರಿಸಿದ ಡೀಟ್ರಿಚ್ ಬಾನ್‌ಹೋಫರನೆಂಬ ಪಾದ್ರಿಯು 1943ರ ಏಪ್ರಿಲ್ 5ರಂದು ಬರ್ಲಿನ್ನಿನ ಟೇಗೆಲ್ ಸೆರೆಮನೆಯನ್ನು ಸೇರಿದಾಗ, ಗೆರ್ಹಾರ್ಟನ ಸ್ತೋತ್ರಗಳನ್ನು ಬಾಯಿಪಾಠ ಮಾಡುವುದರಲ್ಲಿ ತನಗೆ ಹಿತವಿದೆಯೆಂದು ತಂದೆತಾಯಿಗಳಿಗೆ ಬರೆದನು. ಹಲವು ವರ್ಷಗಳಿಂದ ದಿನವೂ ಓದುತ್ತಿದ್ದ ಕೀರ್ತನೆಗಳೂ ಆತನ ಜೊತೆಗಿದ್ದವು. ಆ ವರ್ಷದ ಕ್ರಿಸ್ತಜಯಂತಿಗೆ ಆತನು ಸೆರೆಯಲ್ಲಿದ್ದ ಇತರರಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟನು.

1944ರ ಜನವರಿಯಲ್ಲಿ ಒಂದು ರಾತ್ರಿ, ವಿಮಾನಗಳು ಬಾಂಬುಗಳನ್ನು ಸುರಿಯುತ್ತಿರಲು ಎಲ್ಲರೂ ನೆಲದ ಮೇಲೆ ಮಲಗಿದ್ದರು. ಎಂದೂ ದೇವರ ಗೊಡವೆಗೆ ಹೋಗದ ಹಗುರ ಸ್ವಭಾವದವನೊಬ್ಬನು ದೇವರೇ ದೇವರೇ ಎಂದು ಕೂಗಿಕೊಂಡನು. ಉಪದೇಶಕ್ಕೆ ಇದಕ್ಕಿಂತ ಒದಗಿದ ಸಮಯ ಇನ್ನಾವುದು? ಆದರೆ ಬಾನ್‌ಹೋಫರನಿಗೆ ಆಗ ಧರ್ಮದ ಮಾತನ್ನಾಡಲು ಮನಸ್ಸೊಪ್ಪಲಿಲ್ಲ. ಆತನು ಗಡಿಯಾರವನ್ನು ನೋಡಿ, ಇನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಇದು ನಡೆಯಲಾರದೆಂದು ಮಾತ್ರ ಹೇಳಿದನು. ಹೆದರಿದವನ ದೌರ್ಬಲ್ಯವನ್ನು ಹಿಡಿದು ಅವನನ್ನು ಭಕ್ತನನ್ನಾಗಿ ಮಾಡುವುದು ಆತನಿಗೆ ಸರಿಯೆಂದು ತೋರಲಿಲ್ಲ. ಬಾಳಿನ ಅಂಚಿನಲ್ಲಿ, ಬೇರೆ ಗತಿಯಿಲ್ಲದಾಗ ಕರೆಯುವ ದೇವರು ಸಾಲದು. ಬಾಳಿನ ನಡುವೆ, ಶಕ್ತಿಯೂ ಸಂತೋಷವೂ ಇರುವಲ್ಲಿಯೇ ದೇವರನ್ನು ಕಾಣಬೇಕೆಂಬ ಅಭಿಪ್ರಾಯವನ್ನು ಕೆಲವು ತಿಂಗಳುಗಳ ಮೇಲೆ ಆತನು ಪತ್ರದಲ್ಲಿ ಬರೆದನು. ನಮ್ಮ ಗಾದೆಯ ಆಕ್ಷೇಪಣೆಯನ್ನು ಆತನು ಒಪ್ಪಿಕೊಂಡಂತೆಯೇ ಆಯಿತು. ಆದರೆ ಗಾದೆಯಲ್ಲಿರುವ ನಗೆಯು ಆತನಲ್ಲಿ ಇರಲಿಲ್ಲ. ಕೂಗಿಕೊಂಡವನನ್ನು ಆತನು ಜರೆಯಲಿಲ್ಲ. ಅವನ ಪಕ್ಕದಲ್ಲಿಯೇ ಮಲಗಿದ್ದು, ಅವನಿಗೆ ಆಗ ಬೇಕಾಗಿದ್ದ ಧೈರ್ಯವನ್ನಷ್ಟೇ ಕೊಟ್ಟನು. 4480 ಗೋರಿಗಳ ಮುಂದೆ ನಿಂತವನೂ ಬಹುಶಃ ಹೆಚ್ಚು ಮಾತನಾಡಿರಲಾರನು. ಓಡಿಹೋಗದೆ ಅಲ್ಲಿಯೇ ಇದ್ದುದು ಆತನ ದೊಡ್ಡ ಉಪದೇಶ.

ಬಾನ್‌ಹೋಫರನು ಬಿಡುಗಡೆಯನ್ನು ಕಾಣಲಿಲ್ಲ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯೂರ್ಗಿನ ಬಂಧನಶಿಬಿರದಲ್ಲಿ ಆತನನ್ನು ಗಲ್ಲಿಗೇರಿಸಿದರು. ಎರಡು ವಾರಗಳಲ್ಲಿ ಅಮೆರಿಕದ ಸೈನ್ಯವು ಬಂದು ಆ ಶಿಬಿರವನ್ನು ಬಿಡಿಸಿತು. ಪ್ರಾರ್ಥನೆಗೆ ಫಲವೆಂದರೆ ಅಪಾಯ ತಪ್ಪುವುದೆಂದು ತಿಳಿದವರಿಗೆ ಈ ಎರಡು ವಾರಗಳ ಲೆಕ್ಕ ಎಂದಿಗೂ ಸರಿಹೋಗದು. ವಿಶ್ವಾಸವು ಅಂಥ ಲೆಕ್ಕವನ್ನು ಒಪ್ಪಿಸುವುದಕ್ಕೆ ಹೊರಟಿಲ್ಲ. ಭಯದ ನಡುವೆಯೂ ಮನುಷ್ಯನು ಮನುಷ್ಯನಾಗಿಯೇ ಉಳಿಯುವಂತೆ, ತನ್ನ ಪಾಲಿನ ರೊಟ್ಟಿಯನ್ನು ಹಂಚುವಂತೆ, ಪಕ್ಕದವನ ನಡುಕವನ್ನು ಗಮನಿಸುವಂತೆ ಅದು ಅವನನ್ನು ಹಿಡಿದು ನಿಲ್ಲಿಸುತ್ತದೆ. ಅಷ್ಟು ಶಕ್ತಿಯನ್ನು ಒಂದೇ ದಿನದಲ್ಲಿ ಕೂಡಿಸಿಕೊಳ್ಳಲಾಗದು. ಅದನ್ನು ಕಲಿಯುವುದಕ್ಕೆ ತಕ್ಕ ಕಾಲ ಯಾವುದೆಂದರೆ, ಮನೆಯಲ್ಲಿ ಎಲ್ಲರೂ ಕ್ಷೇಮವಾಗಿದ್ದು, ಮಕ್ಕಳು ಸುತ್ತಲೂ ಕುಳಿತು, ತಟ್ಟೆಗೆ ಅನ್ನ ಬಡಿಸಿರುವ ಹೊತ್ತು.