ಲಂಡನ್ನಿನಲ್ಲಿ ಹೊಲಿದ ಕೌದಿ

ಕೌದಿಗೆ ಹೊಸ ಬಟ್ಟೆ ಆಗಿಬರುವುದಿಲ್ಲ. ಗಂಜಿ ಇಳಿಯದ ಬಟ್ಟೆಗೆ ಸೂಜಿ ಸಲೀಸಾಗಿ ಇಳಿಯುವುದಿಲ್ಲ. ಮೂರು ನಾಲ್ಕು ಪದರು ಸೇರಿದರೆ ಬೆರಳೇ ಸೋಲುತ್ತದೆ. ವರ್ಷಾನುಗಟ್ಟಲೆ ಉಟ್ಟು, ಒಗೆದು, ಬಿಸಿಲಿಗೆ ಹರವಿ, ಮೈಯ ಬೆವರನ್ನೂ ಬಾವಿಯ ನೀರನ್ನೂ ಕುಡಿದು ಮೆತ್ತಗಾದ ಹತ್ತಿ ಸೀರೆಯೇ ಬೇಕು. ಅಂಥ ಸೀರೆಯನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಆಚೆ ಕಡೆ ಕಾಣುತ್ತದೆ. ಉಡಲು ಬಾರದು, ಬಿಸಾಡಲು ಮನಸ್ಸು ಬಾರದು. ಕೌದಿ ಶುರುವಾಗುವುದು ಅಲ್ಲಿಂದ.

ಏಪ್ರಿಲ್ ತಿಂಗಳಲ್ಲಿ ಕಲ್ಯಾಣದ ಸೀಮೆಯ ನಮ್ಮೂರು ಕೊಹಿನೂರಿನಿಂದ ಲಂಡನ್ನಿನ ಮಗಳ ಮನೆಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಇಂಥ ಬಟ್ಟೆಗಳೇ ಇದ್ದವು. ಅವ್ವನ ಇಳಕಲ್ ಸೀರೆ, ಅತ್ತೆಯವರ ಹಸಿರು ಸೀರೆ, ನಾನು ಶಾಲೆಗೆ ಉಟ್ಟು ಹೋಗುತ್ತಿದ್ದ ವಾಯಿಲ್‌ಗಳು, ನಮ್ಮ ಮನೆಯವರ ಧೋತರ. “ಅವ್ವಾ, ಇಲ್ಲಿ ಹೊಚ್ಕೊಳ್ಳಕ್ಕ ಎಲ್ಲಾ ಅದ. ಅದೆಲ್ಲಾ ಯಾಕ ಹೊತ್ಕೊಂಡು ಬರ್ಲತಿ?” ಎಂದು ಮಗಳು ಫೋನಿನಲ್ಲಿ ಕೇಳಿದ್ದಳು. “ಹೊಚ್ಕೊಳ್ಳಕ್ಕಲ್ಲ ಬೇಟಾ, ಹೊಲೀಲಕ್ಕ” ಎಂದಿದ್ದೆ.

ಈಗ ಅಕ್ಟೋಬರ್. ಬಂದು ಹೋಗುವವರಿಗೆ ಈ ದೇಶ ಕೊಡುವ ವೀಸಾ ಆರು ತಿಂಗಳದ್ದು, ಅದು ಮುಗಿಯುತ್ತ ಬಂತು. ಕೌದಿಯೂ ಮುಗಿಯುತ್ತ ಬಂದಿದೆ. ನಾಲ್ಕೂ ಅಂಚಿನಿಂದ ಒಳಕ್ಕೆ ಬಂದ ಹೊಲಿಗೆ ಸಾಲುಗಳ ನಡುವೆ ಎರಡು ಅಂಗೈ ಅಗಲದ ಜಾಗ ಉಳಿದಿದೆ, ಅಷ್ಟೇ. ಮುಂಜಾನೆ ಕುಳಿತರೆ ಸಂಜೆಯೊಳಗೆ ತುಂಬಿಬಿಡಬಹುದು. ನಾನೇ ತಡೆದು ತಡೆದು ಹೊಲಿಯುತ್ತಿದ್ದೇನೆ.

ನಮ್ಮ ಕಡೆ ಕೌದಿ ಹಾಸುವುದು ಬೇಸಿಗೆಯಲ್ಲಿ. ರಾಶಿ ಮುಗಿದು ಹೊಲದಲ್ಲಿ ಕೆಲಸ ಇರುವುದಿಲ್ಲ, ಅಂಗಳ ಒಣಗಿರುತ್ತದೆ. ಸಾರಿಸಿದ ನೆಲದ ಮೇಲೆ ಒಂದು ಇಡೀ ಸೀರೆಯನ್ನು ಮಡಿಸಿ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು, ಸುಕ್ಕಿಲ್ಲದಂತೆ ಜಗ್ಗುತ್ತಾರೆ. ಅದರ ಮೇಲೆ ಹರಿದ ಬಟ್ಟೆಗಳ ಪದರು. ಎಲ್ಲಕ್ಕೂ ಮೇಲೆ ಬಣ್ಣ ಬಣ್ಣದ ತುಂಡುಗಳು. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರುಗಳನ್ನು ಹಿಡಿದು ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗಿನ ಬಟ್ಟೆ ಸರಿದು ಗಂಟು ಕಟ್ಟುತ್ತದೆ. ಆಮೇಲೆ ಅಸಲಿ ಕೆಲಸ. ಅಂಚಿನಿಂದ ಶುರು ಮಾಡಿ, ಮೂಲೆಗೆ ಬಂದಲ್ಲಿ ತಿರುಗಿ, ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಕೈ ಪಳಗಿದವರ ಕೌದಿಯಲ್ಲಿ ಈ ಸಾಲುಗಳು ಕೂರಿಗೆಯಲ್ಲಿ ಬಿತ್ತಿದ ತೊಗರಿ ಹೊಲದ ಹಾಗೆ ಕಾಣುತ್ತವೆ. ನಾನು ಸಣ್ಣವಳಿದ್ದಾಗ ಗೊಂದಳಿಗರ ಹೆಂಗಸರು ಬೇಸಿಗೆಯಲ್ಲಿ ಊರಿಗೆ ಬಂದು ಕೂಲಿಗೆ ಕೌದಿ ಹೊಲಿದುಕೊಡುತ್ತಿದ್ದರು. ಒಂದೇ ಕೌದಿಯ ನಾಲ್ಕು ಕಡೆ ನಾಲ್ಕು ಜನ ಕುಳಿತು, ಮಾತಾಡುತ್ತ, ಎಲೆ ಅಡಿಕೆ ಹಾಕಿಕೊಳ್ಳುತ್ತ ಹೊಲಿಯುವರು. ಅವರ ಪಕ್ಕದಲ್ಲಿ ಕುಳಿತು ಅವ್ವ ಕಲಿತಳು, ಅವ್ವನ ಪಕ್ಕದಲ್ಲಿ ನಾನು.

ಲಂಡನ್ನಿನ ಮನೆಯಲ್ಲಿ ಅಂಗಳ ಎಲ್ಲಿ? ಮಗಳು ಮುಂದಿನ ಕೋಣೆಯ ಕಾರ್ಪೆಟ್ ಸುತ್ತಿಟ್ಟು ಮರದ ನೆಲ ತೆರವು ಮಾಡಿಕೊಟ್ಟಳು. ಕಲ್ಲುಗಳ ಜಾಗಕ್ಕೆ ಅಳಿಯಂದಿರ ದಪ್ಪ ಪುಸ್ತಕಗಳು ಬಂದವು. ಕಚ್ಚಾ ಹೊಲಿಗೆ ಮುಗಿದ ಮೇಲೆ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕುಳಿತು ಹೊಲಿದೆ. ಊರಿಂದ ತಂದ ಸೀರೆಗಳ ಜೊತೆಗೆ ಈ ಮನೆಯ ಬಟ್ಟೆಗಳೂ ಸೇರಿದವು: ಮೊಮ್ಮಗಳಿಗೆ ಗಿಡ್ಡವಾದ ಶಾಲೆಯ ಚೌಕಡಿ ಫ್ರಾಕು, ಅಳಿಯಂದಿರ ಕಾಲರ್ ಹರಿದ ಅಂಗಿ, ಮಗಳು ಮದುವೆಗೆ ಮೊದಲು ಹಾಕುತ್ತಿದ್ದ ಚೂಡಿದಾರದ ಓಢಣಿ. ಟೀ ಶರ್ಟ್ ಮಾತ್ರ ಬೇಡವೆಂದೆ. ಅದು ಹೆಣೆದ ಬಟ್ಟೆ, ಜಗ್ಗಿದತ್ತ ಜಗ್ಗುತ್ತದೆ. ನೇಯ್ದ ಬಟ್ಟೆಯ ಪಕ್ಕ ಕೂರಿಸಿದರೆ ಒಂದೆರಡು ಒಗೆತಕ್ಕೆ ಜೋಲು ಬೀಳುತ್ತದೆ.

ಬೆಳಕಿನ ಮಾತು ಹೇಳಲೇಬೇಕು. ಕೈಹೊಲಿಗೆಯವರಿಗೆ ಬೆಳಕೇ ಅರ್ಧ ಸಾಮಾನು. ನಮ್ಮ ಕಲ್ಯಾಣದ ಸೀಮೆಯಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಸುಮಾರು 2 ತಾಸಿನ ವ್ಯತ್ಯಾಸ, ಗಮನಕ್ಕೂ ಬರುವುದಿಲ್ಲ. ಲಂಡನ್ನಿನಲ್ಲಿ ಜೂನ್ 21ರ ಸುಮಾರಿಗೆ ಹಗಲು ಹದಿನಾರೂವರೆ ತಾಸು. ರಾತ್ರಿ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಒಂಬತ್ತು ಗಂಟೆಗೂ ಲೈಟು ಹಾಕದೆ ಸೂಜಿಗೆ ದಾರ ಪೋಣಿಸಿದ್ದೇನೆ. ಆ ಬೆಳಕೂ ನಮ್ಮ ಬಿಸಿಲಿನಂತೆ ಕಣ್ಣಿಗೆ ಚುಚ್ಚುವುದಿಲ್ಲ. ಓರೆಯಾಗಿ ಬಂದು ಬಟ್ಟೆಯ ಮೇಲೆ ಬೀಳುತ್ತದೆ, ಒಂದೊಂದು ಹೊಲಿಗೆಯ ಪಕ್ಕ ಒಂದೊಂದು ಸಣ್ಣ ನೆರಳು ಬೀಳಿಸುತ್ತದೆ. ಹೊಲಿಗೆ ಸೊಟ್ಟಾದರೆ ಆ ನೆರಳೇ ಹೇಳಿಕೊಡುತ್ತದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಬೆಳಕಿನಲ್ಲಿ ನಾನು ಹೊಲಿದಿಲ್ಲ. ಈಗ ಆರೂವರೆಗೆಲ್ಲ ಕತ್ತಲು. ಈ ಊರಿನ ಹಗಲು ದಿನದಿನವೂ ಕುಗ್ಗುವುದನ್ನು ನಾನು ಸಾಲುಗಳ ಲೆಕ್ಕದಲ್ಲೇ ಕಂಡೆ.

ಬಂದ ಹೊಸದರಲ್ಲಿ ಬಸವ ಜಯಂತಿ ಬಂತು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವಣ್ಣನವರ ಮೂರ್ತಿಗೆ ಹೋದೆವು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಮೂರ್ತಿ ಅದು. ಅದಕ್ಕಾಗಿ ಓಡಾಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್, ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಕಮಲಾಪುರದವರು. ಹುಮನಾಬಾದಿನಿಂದ ಕಲಬುರಗಿಗೆ ಬಸ್ಸಿನಲ್ಲಿ ಹೋಗುವಾಗ ಬಾಳೆಹಣ್ಣು ಕೊಳ್ಳುತ್ತಿದ್ದ ಕಮಲಾಪುರ! ಹೊಳೆಯಾಚೆ ಪಾರ್ಲಿಮೆಂಟಿನ ಗೋಪುರ ಕಾಣುತ್ತದೆ. ಅಲ್ಲಿ ನಿಂತಾಗ ನನಗೆ ನೆನಪಾದವರು ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ. ಒಬ್ಬರು ಬಟ್ಟೆ ಹೊಲಿಯುವವರು, ಒಬ್ಬರು ನೂಲುವವರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಸಾಲಿನಲ್ಲಿ ಕುಳಿತವರು, ವಚನ ಬರೆದವರು. ಸೂಜಿ, ಕದಿರು ಹಿಡಿದ ಕೈಗೆ ಅಷ್ಟು ದೊಡ್ಡ ಮರ್ಯಾದೆ ಕೊಟ್ಟ ಊರಿನ ಪಕ್ಕದವಳು ನಾನು. ಪರದೇಶದಲ್ಲಿ ಮಗಳ ಮನೆಯಲ್ಲಿ ಕೈಕಟ್ಟಿ ಕುಳಿತು ಆರು ತಿಂಗಳು ಕಳೆಯುವುದು ನನಗೆ ಆಗದ ಮಾತಾಗಿತ್ತು. ಮರುದಿನವೇ ಕೌದಿ ಹಾಸಿದೆ.

ಕಿಟಕಿಯಲ್ಲಿ ಕುಳಿತು ಹೊಲಿಯುವವಳು ಬೀದಿಗೆಲ್ಲ ಕಾಣುತ್ತಾಳೆ. ಎದುರು ಮನೆಯ ಅಜ್ಜಿಯೊಬ್ಬರು, ನನಗಿಂತ ಹಿರಿಯರು, ಒಂದು ದಿನ ಬಾಗಿಲು ತಟ್ಟಿ ಒಳಗೆ ಬಂದರು. ಕೌದಿಯ ಅಂಚನ್ನು ಎತ್ತಿ, ತಿರುಗಿಸಿ, ಹಿಂಬದಿಯ ಹೊಲಿಗೆ ನೋಡಿದರು. ಹಿಂಬದಿ ನೋಡಿದಾಗಲೇ ನನಗೆ ತಿಳಿಯಿತು, ಇವರೂ ಹೊಲಿಯುವವರು. ಮರುದಿನ ತಮ್ಮದನ್ನು ತಂದರು. ಅವರ ರೀತಿಯೇ ಬೇರೆ. ಆರು ಮೂಲೆಯ ಕಾಗದದ ತುಂಡು ಕತ್ತರಿಸಿ, ಅದರ ಮೇಲೆ ಬಟ್ಟೆ ಮಡಚಿ ಕಚ್ಚಾ ಹೊಲಿಗೆ ಹಾಕಿ, ಅಂಥ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಸಣ್ಣ ಸಣ್ಣ ಹೊಲಿಗೆಯಿಂದ ಜೋಡಿಸುತ್ತಾರೆ. ಸುತ್ತಲಿನ ತುಂಡುಗಳೆಲ್ಲ ಕೂಡಿದ ಮೇಲೆ ಕಾಗದ ತೆಗೆಯುವುದು. ಹಳೆಯ ಕಾಲದ ಮುಗಿಯದ ಹೊಲಿಗೆಗಳಲ್ಲಿ ಕಾಗದ ಇನ್ನೂ ಉಳಿದಿರುತ್ತದಂತೆ. ಪತ್ರದ ಚೂರು, ಪತ್ರಿಕೆಯ ಚೂರು, ಮಕ್ಕಳ ಕಾಪಿ ಪುಸ್ತಕದ ಹಾಳೆ. ಅದರ ಮೇಲಿನ ತಾರೀಖು ನೋಡಿ ಹೊಲಿಗೆಯ ಕಾಲ ಅಂದಾಜು ಮಾಡುತ್ತಾರೆ. ನಾನು ಆರು ಮೂಲೆ ಕಲಿತೆ, ಅವರು ನಮ್ಮ ಸುತ್ತುಹೊಲಿಗೆ ಕಲಿತರು. ನನ್ನ ಇಂಗ್ಲಿಷು ಶಾಲೆಯಲ್ಲಿ ಪಾಠ ಮಾಡುವಷ್ಟು ಇತ್ತು, ಅವರ ಉಚ್ಚಾರ ನನಗೆ ಅರ್ಧ ಹಿಡಿಯುತ್ತಿರಲಿಲ್ಲ. ಸೂಜಿ ಕೈಯಲ್ಲಿರುವಾಗ ಅದರ ಅಡ್ಡಿಯೇ ಆಗಲಿಲ್ಲ.

ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ ಎಂದವರೂ ಅವರೇ. ಅಲ್ಲಿ 1360ರಿಂದ 1400ರ ನಡುವೆ ಇಟಲಿಯ ಸಿಸಿಲಿಯಲ್ಲಿ ಹೊಲಿದ ಒಂದು ಹೊದಿಕೆ ಇದೆ. ನಾರಗಸೆಯ ಎರಡು ಪದರುಗಳ ನಡುವೆ ಹತ್ತಿ ತುಂಬಿ, ಟ್ರಿಸ್ಟನ್ ಎಂಬ ವೀರನ ಕಥೆಯನ್ನು ಉಬ್ಬು ಚಿತ್ರಗಳಾಗಿ ಎಬ್ಬಿಸಿದ್ದಾರೆ: ಹಡಗು, ಕುದುರೆ, ಕತ್ತಿ. ಅದನ್ನು ನೋಡುತ್ತ ನಿಂತಾಗ ನನ್ನ ಬೆರಳು ತಾನಾಗಿ ಆಡುತ್ತಿತ್ತು. ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ ಎಂದು ಲೆಕ್ಕ ಹಾಕುತ್ತಿತ್ತು. ಗೋಪುರ, ಅರಮನೆ, ಸೇತುವೆ ಎಲ್ಲ ನೋಡಿದೆ, ಚೆಂದವೇ ಇವೆ. ಆದರೆ ಅವುಗಳ ಮುಂದೆ ನಿಂತಾಗ ನನ್ನ ಕೈಗೆ ಏನೂ ಕೆಲಸ ಇರಲಿಲ್ಲ.

ಈ ದೇಶದಲ್ಲೂ ಕೌದಿ ಬಡವರ ಕಾಯಕವೇ ಆಗಿತ್ತು ಎಂದು ತಿಳಿದಾಗ ನನಗೆ ಇಲ್ಲಿಯವರ ಮೇಲೆ ಅಂತಃಕರಣ ಹುಟ್ಟಿತು. ಡರ್ಹಮ್, ವೇಲ್ಸ್ ಕಡೆಯ ಕಲ್ಲಿದ್ದಲು ಗಣಿ ಊರುಗಳಲ್ಲಿ, ಗಂಡ ಸತ್ತ ಅಥವಾ ಗಣಿಯಲ್ಲಿ ಗಾಯಗೊಂಡ ಮನೆಗಳ ಹೆಂಗಸರು ನೆರೆಹೊರೆಯವರಿಂದ ವಾರ ವಾರ ಸ್ವಲ್ಪ ಸ್ವಲ್ಪ ಹಣ ಕಟ್ಟಿಸಿಕೊಂಡು ಸರದಿ ಪ್ರಕಾರ ಹೊಲಿದುಕೊಡುತ್ತಿದ್ದರು. ಗಣಿಗಳು ಸೊರಗಿದ ಕಾಲಕ್ಕೆ, 1928ರಲ್ಲಿ, ಗ್ರಾಮೀಣ ಕೈಗಾರಿಕೆಗಳ ಸರ್ಕಾರಿ ಸಂಸ್ಥೆಯೊಂದು ಅವರಿಗೆ ಕೆಲಸ ಹುಡುಕಿಕೊಡುವ ಯೋಜನೆ ಹಾಕಿತು. ಆ ಕೈಗಳು ಹೊಲಿದ ಹೊದಿಕೆಗಳು ಲಂಡನ್ನಿನ ಶ್ರೀಮಂತ ಹೋಟೆಲು ಕ್ಲಾರಿಜಸ್‌ನ ಹಾಸಿಗೆಗಳಿಗೂ ಹೋದವು. ನಮ್ಮ ಗೊಂದಳಿಗರ ಹೆಂಗಸರಿಗೆ ಅಂಥದೊಂದು ಬಾಗಿಲು ತೆರೆಯಬೇಕಿತ್ತು.

ಇವೆಲ್ಲಕ್ಕಿಂತ ನನ್ನ ಎದೆಗೆ ನಾಟಿದ್ದು ‘ರಾಜಾ’ ಎಂಬ ಹಡಗಿನ ಕೌದಿ. 1841ರ ಏಪ್ರಿಲ್‌ನಲ್ಲಿ ಇದೇ ಥೇಮ್ಸ್ ನದಿಯ ವುಲ್ವಿಚ್ ರೇವಿನಿಂದ ಆ ಹಡಗು ಹೊರಟಿತು. ಅದರಲ್ಲಿ ಶಿಕ್ಷೆಗೆ ಒಳಗಾದ 180 ಹೆಂಗಸರು. ಹೋಗಬೇಕಾದ್ದು ಈಗಿನ ತಾಸ್ಮೇನಿಯಾಕ್ಕೆ. ಜೈಲು ಸುಧಾರಣೆಗೆ ದುಡಿದ ಎಲಿಜಬೆತ್ ಫ್ರೈ ಅವರ ಸಂಘದವರು ಆ ಹೆಂಗಸರಿಗೆ ಸೂಜಿ, ದಾರ, ಕತ್ತರಿ, ತುಂಡುಬಟ್ಟೆ ಕೊಟ್ಟು ಕಳಿಸಿದ್ದರು. ಮೂರು ತಿಂಗಳಿಗೂ ಹೆಚ್ಚು ಕಾಲದ ಸಮುದ್ರಯಾನ. ಜುಲೈನಲ್ಲಿ ಹೋಬಾರ್ಟ್ ತಲುಪಿದಾಗ 2,815 ತುಂಡುಗಳ ಒಂದು ದೊಡ್ಡ ಹೊದಿಕೆ ಸಿದ್ಧವಾಗಿತ್ತು. ಅದರ ಮೇಲೆ ದಾರದಲ್ಲೇ ಬರೆದಿದ್ದಾರೆ: ಸಹಾಯ ಮಾಡಿದ ಸಂಘದ ಹೆಂಗಸರಿಗೆ ಕೃತಜ್ಞತೆ. ಈಗ ಅದು ಕ್ಯಾನ್ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ನನ್ನ ಸುಖದ ಪ್ರಯಾಣಕ್ಕೂ ಅವರ ಗತಿಗೂ ಏನೇನೂ ಸಾಟಿಯಿಲ್ಲ, ಬಲ್ಲೆ. ಅವರಲ್ಲಿ ಹೆಚ್ಚಿನವರಿಗೆ ತಿರುಗಿ ಬರುವ ದಾರಿಯೇ ಇರಲಿಲ್ಲ. ಆದರೂ ದಡ ಕಾಣದ ದಿನಗಳಲ್ಲಿ ಒಂದು ತುಂಡಿಗೆ ಇನ್ನೊಂದು ತುಂಡು ಕೂಡಿಸುತ್ತ ಕುಳಿತವರ ಧೈರ್ಯ ನನಗೆ ಅರ್ಥವಾಗುತ್ತದೆ. ಹಡಗು ಎಲ್ಲಿಗೆ ಒಯ್ಯುತ್ತದೆ ಎಂಬುದು ಅವರ ಕೈಯಲ್ಲಿರಲಿಲ್ಲ. ಮುಂದಿನ ಹೊಲಿಗೆ ಎಲ್ಲಿ ಬೀಳಬೇಕು ಎಂಬುದು ಅವರ ಕೈಯಲ್ಲೇ ಇತ್ತು.

ಊರಿಗೆ ಹೋದ ಮೇಲೆ “ಏನೇನು ನೋಡಿದ್ರಿ ಬಾಯಾರ?” ಎಂದು ಕೇಳುವವರಿದ್ದಾರೆ. ಹೇಳಲು ನನಗೆ ಈ ಕೌದಿಯೇ ಸಾಕು. ಊರಿಂದ ತಂದ ಬಿಳಿ ದಾರ ಬೇಗ ಮುಗಿಯಿತು, ಆಮೇಲೆ ಅಂಗಡಿಯಲ್ಲಿ ಸಿಕ್ಕ ಸಿಕ್ಕ ಬಣ್ಣ ತಂದೆವು. ಹೊರಗಿನ ಬಿಳಿ ಸಾಲುಗಳು ಏಪ್ರಿಲ್, ಮೇ. ಇನ್ನೂ ಸ್ವೆಟರ್ ಹಾಕಿಕೊಂಡೇ ಕುಳಿತ ದಿನಗಳು. ಹಳದಿ ಸಾಲುಗಳೆಲ್ಲ ಜೂನಿನ ಉದ್ದದ ಸಂಜೆಗಳು. ಕಡುನೀಲಿ ಬಂದದ್ದು ಮೊಮ್ಮಗಳಿಗೆ ಜ್ವರ ಬಂದಾಗ. ಅವಳ ಹಾಸಿಗೆಯ ಪಕ್ಕ ಕುಳಿತು ಹಾಕಿದ ಆ ಹೊಲಿಗೆಗಳು ಉಳಿದವಕ್ಕಿಂತ ಹತ್ತಿರ ಹತ್ತಿರ ಬಿದ್ದಿವೆ. ಕೆಂಪು, ಈಗಿನದು. ದಸರೆಗೆ ಊರಲ್ಲಿ ಮನೆಮನೆಯವರು ಹಾಸಿಗೆ ಹೊದಿಕೆ ಎಲ್ಲ ಒಗೆದು ಹರವುವ ಹೊತ್ತಿಗೆ ನಾನಿಲ್ಲಿ ಕೆಂಪು ದಾರ ಪೋಣಿಸುತ್ತಿದ್ದೆ. ನಡುವೆ ಅವ್ವನ ಇಳಕಲ್ ಸೆರಗಿನ ತುಂಡು ಇದೆ. ಅದರ ಪಕ್ಕಕ್ಕೇ ಮೊಮ್ಮಗಳ ಫ್ರಾಕಿನ ಚೌಕಡಿ. ಅವ್ವ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗಿಂತ ದೂರ ಹೋದವಳಲ್ಲ. ಈ ಮಗು ಹುಟ್ಟಿದ್ದೇ ಇಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ. ಅವರ ನಡುವಿನ ಹೊಲಿಗೆ ಹಾಕುವಾಗ ನಾನು ದಾರವನ್ನು ಎರಡೆಳೆ ಮಾಡಿಕೊಂಡೆ.

ನಡುವನ್ನು ಮುಚ್ಚುವ ಮುಂಚೆ ಕೌದಿಯ ಹೊಟ್ಟೆಯಲ್ಲಿ ಒಂದು ಚೂರು ರೊಟ್ಟಿ ಇಡುವುದು ನಮ್ಮ ಮನೆಯ ರೂಢಿ. ಕೌದಿ ಹಸಿದಿರಬಾರದು, ಅದನ್ನು ಹೊದ್ದವರೂ ಹಸಿದಿರಬಾರದು. ನಿನ್ನೆ ಮಗಳು ಜೋಳದ ಹಿಟ್ಟು ಕಲಸಿ ತಾನೇ ರೊಟ್ಟಿ ಬಡಿದಳು. ನಾನು ಮುಟ್ಟಲಿಲ್ಲ. ಅಂಚು ಸ್ವಲ್ಪ ಸೀಳಿತು, ಉಬ್ಬಿದ್ದು ಮಾತ್ರ ಚೆನ್ನಾಗಿ ಉಬ್ಬಿತು. ಮೊಮ್ಮಗಳು ಚೂರು ಮುರಿದು, “ಆಯಿ, ಶೇಂಗಾ ಹಿಂಡೀನೂ ಹಚ್ಲೇನು?” ಎಂದು ಕೇಳಿದಳು. ಎಣ್ಣೆ ಬಟ್ಟೆಗೆ ಇಳಿಯುತ್ತದೆ, ಒಣ ರೊಟ್ಟಿಯೇ ಸಾಕು ಎಂದೆ. ಇನ್ನೊಂದು ಚೂರಿಗೆ ಹಿಂಡಿ ಹಚ್ಚಿ ತಾನು ತಿಂದಳು.

ಕೌದಿ ಇಲ್ಲೇ ಇರುತ್ತದೆ, ಅವಳ ಹಾಸಿಗೆಯ ಮೇಲೆ. ವಾಷಿಂಗ್ ಮಷೀನಿಗೆ ಹಾಕಬೇಡ, ಬಚ್ಚಲ ತೊಟ್ಟಿಯಲ್ಲಿ ಉಗುರು ಬೆಚ್ಚಗಿನ ನೀರಿಗೆ ನೆನೆಸಿ ತುಳಿ, ಹಿಂಡಬೇಡ, ಹರವಿ ಒಣಗಿಸು ಎಂದು ಮಗಳಿಗೆ ಹೇಳಿದ್ದೇನೆ. ಎಲ್ಲಾದರೂ ಹರಿದರೆ ಮೇಲೊಂದು ತುಂಡು ಇಟ್ಟು ತ್ಯಾಪಿ ಹಚ್ಚುವುದನ್ನೂ ಕಲಿಸಿದ್ದೇನೆ. ಸೀರೆಗಳು ಇಳಿದ ಪೆಟ್ಟಿಗೆಯಲ್ಲಿ ಈಗ ಬೇರೆ ಬಟ್ಟೆ ತುಂಬಿದೆ: ಎದುರು ಮನೆಯ ಅಜ್ಜಿ ಕೊಟ್ಟ ಹೂವಿನ ದಿಂಬಿನ ಗವಸುಗಳು, ಅಳಿಯಂದಿರ ಇನ್ನೆರಡು ಅಂಗಿ, ಮೊಮ್ಮಗಳ ಹಳೆಯ ಪರದೆ, ಆರು ಮೂಲೆಯ ಕಾಗದದ ಒಂದು ಕಟ್ಟು. ತೂಕ ನೋಡಿದೆವು, ಮಿತಿಯೊಳಗಿದೆ. ಇಲ್ಲಿಂದ ಹೈದರಾಬಾದು, ಅಲ್ಲಿಂದ ಜಹೀರಾಬಾದು, ಹುಮನಾಬಾದು ದಾಟಿ ಊರು. ಎಳ್ಳಮಾಸಿಗೆ ಹೊಲದಲ್ಲಿ ಭಜ್ಜಿ, ಅಂಬಲಿ ಉಂಡು, ತೊಗರಿ ರಾಶಿ ಮುಗಿದು ಅಂಗಳ ತೆರವಾದ ಮೇಲೆ ಹಾಸುತ್ತೇನೆ. ಈ ಸಲ ಓಣಿಯ ಹುಡುಗಿಯರನ್ನೂ ಕೂಡಿಸಿಕೊಳ್ಳಬೇಕು. ನಾಲ್ಕು ಕಡೆಗೆ ನಾಲ್ಕು ಜನರಾದರೂ ಬೇಕಲ್ಲ.